ತಂಡಿ ನೆಲದಿಂದ ಬರುತ್ತದೆ: ಮಗನ ಜೊತೆ ಟೆಂಟಿನಲ್ಲಿ ಒಂದು ರಾತ್ರಿ

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗನಿಗೆ ಎಂಟು ವರ್ಷ, ಕಬ್ ಸ್ಕೌಟ್, ಅಂದರೆ ಚಿಕ್ಕ ಮಕ್ಕಳ ಸ್ಕೌಟ್. ಅವನ ಪ್ಯಾಕ್‌ನವರು, ಅಂದರೆ ಆ ಮಕ್ಕಳ ಗುಂಪಿನವರು, ವರ್ಷಕ್ಕೆ ಎರಡು ಸಲ ಮನೆಮಂದಿ ಸಮೇತ ಒಂದು ರಾತ್ರಿ ಕಾಡಿನಲ್ಲಿ ಉಳಿಯುತ್ತಾರೆ. ಮೊದಲ ಸಲ ಹೋಗಿದ್ದು ಅಕ್ಟೋಬರ್‌ನಲ್ಲಿ, ರಾಜ್ಯದ ಉತ್ತರಕ್ಕಿರುವ ಸ್ಟೋಕ್ಸ್ ಅರಣ್ಯಕ್ಕೆ. ಹಗಲು ಹಿತವಾಗಿತ್ತು. ರಾತ್ರಿ 40 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯಿತು, ಅಂದರೆ ನಮ್ಮ ಲೆಕ್ಕದಲ್ಲಿ 4 ಡಿಗ್ರಿ ಚಿಲ್ಲರೆ. ಗಾಳಿ ತುಂಬುವ ಹಾಸಿಗೆ ಹಾಸಿ, ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ದಪ್ಪ ರಜಾಯಿ ಹೊದಿಸಿದ್ದೆ. ಎರಡು ಗಂಟೆಗೆ ಮಗ ಎಬ್ಬಿಸಿದ. ‘ಅಮ್ಮಾ, ಬೆನ್ನು ತಣ್ಣಗಾಗಿದೆ.’ ಮುಟ್ಟಿ ನೋಡಿದರೆ ನಿಜ. ಬೆಳಗಾಗುವ ತನಕ ಇಬ್ಬರೂ ಕಾರಿನಲ್ಲಿ ಕೂತೆವು.

ಮರುದಿನ ಹುಬ್ಬಳ್ಳಿಗೆ ಫೋನ್ ಮಾಡಿ ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು. ‘ಕೆಳಗ ಏನ್ ಹಾಸಿದ್ದಿ? ಮ್ಯಾಲ ಎಷ್ಟ್ ಹೊದ್ರೂ ನೆಲದ ತಂಡಿ ಬಿಡಂಗಿಲ್ಲ.’

ಅವ್ವ ಹೇಳಿದ್ದು ಸರಿ. ಗಾಳಿ ಹಾಸಿಗೆಯೊಳಗಿನ ಗಾಳಿ ಓಡಾಡುತ್ತಾ ಮೈಯ ಬಿಸಿಯನ್ನೆಲ್ಲ ನೆಲಕ್ಕೆ ಒಯ್ದು ಕೊಡುತ್ತದೆ. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ನಮ್ಮ ಭಾರಕ್ಕೆ ಚಪ್ಪಟೆಯಾಗಿರುತ್ತದೆ, ಅದರಿಂದ ಅಲ್ಲಿ ಬೆಚ್ಚಗಿರುವುದಿಲ್ಲ. ಈಗ ನಾನು ಮೊದಲು ಫೋಮ್ ಮ್ಯಾಟು, ಅದರ ಮೇಲೆ ಅವ್ವ ಕಳಿಸಿದ ನವಲಗುಂದದ ಜಮಖಾನೆ, ಆಮೇಲೆ ಸ್ಲೀಪಿಂಗ್ ಬ್ಯಾಗು ಹಾಸುತ್ತೇನೆ. ಮ್ಯಾಟು ಕೊಳ್ಳುವಾಗ ಅದರ ಆರ್-ವ್ಯಾಲ್ಯೂ ನೋಡಿ. ಆ ಅಂಕಿ ಜಾಸ್ತಿ ಇದ್ದಷ್ಟೂ ನೆಲದ ತಂಡಿ ಕಮ್ಮಿ. ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದಿರುವ ಡಿಗ್ರಿಯನ್ನು ಹಾಗೇ ನಂಬಬೇಡಿ. ಎಷ್ಟೋ ಸಲ ಅದು ತಡೆದುಕೊಳ್ಳಬಹುದಾದ ಚಳಿಯ ಲೆಕ್ಕ, ಹಾಯಾಗಿ ನಿದ್ದೆ ಬರುವ ಲೆಕ್ಕವಲ್ಲ. 40 ಡಿಗ್ರಿ ಫ್ಯಾರನ್‌ಹೀಟ್ ರಾತ್ರಿಗೆ ನಾನು 20 ಡಿಗ್ರಿಯದನ್ನು, ಅಂದರೆ ಇನ್ನೂ ಹೆಚ್ಚಿನ ಚಳಿಗೆ ಮಾಡಿದ್ದನ್ನು, ಒಯ್ಯುತ್ತೇನೆ. ಮಲಗುವ ಮುಂಚೆ ಮಗನ ಮೈಮೇಲಿನ ಬಟ್ಟೆ, ಕಾಲುಚೀಲ ಎಲ್ಲ ಬದಲಿಸುತ್ತೇನೆ. ಹಗಲೆಲ್ಲ ಓಡಿ ಬೆವರಿದ ಹತ್ತಿ ಬಟ್ಟೆ ಮುಟ್ಟಿದರೆ ಒಣಗಿದ ಹಾಗಿರುತ್ತದೆ, ರಾತ್ರಿ ಅದೇ ತಣ್ಣಗಾಗುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಉಣ್ಣೆ ಕಾಲುಚೀಲದೊಳಗೆ ತೂರಿಸಿ ಅವನ ಕಾಲ ಬಳಿ ಇಡುತ್ತೇನೆ.

ಎರಡನೇ ಸಲ ಹೋಗುವುದಕ್ಕೆ ಎರಡು ವಾರ ಮುಂಚೆ ಮನೆ ಹಿತ್ತಲಲ್ಲೇ ಟೆಂಟು ಹಾಕಿ ಮಲಗಿದೆವು. ಇದನ್ನು ಮಾತ್ರ ಯಾರೂ ಬಿಡಬೇಡಿ. ಒಂದು ಗೂಟ ಕಮ್ಮಿ ಇರುವುದು ಗೊತ್ತಾಗಿದ್ದು ಆವತ್ತೇ. ಕತ್ತಲಲ್ಲಿ ಒಂದು ಕೈಯಲ್ಲಿ ಟಾರ್ಚು ಹಿಡಿದು ಇನ್ನೊಂದು ಕೈಯಲ್ಲಿ ಶೂ ಹಾಕಿಕೊಳ್ಳಲು ಮಗನಿಗೆ ಆಗಲಿಲ್ಲ. ಹಾಗಾಗಿ ತಲೆಗೆ ಕಟ್ಟುವ ಟಾರ್ಚು ತಂದೆವು. ಬ್ಯಾಗು ಅವನೇ ತುಂಬಿದ. ಕಬ್‌ಗಳಿಗೆ ಕಲಿಸುವ ಆರು ಸಾಮಾನು ಅವನಿಗೆ ಬಾಯಿಪಾಠ: ಪ್ರಥಮ ಚಿಕಿತ್ಸೆ ಕಿಟ್, ನೀರಿನ ಬಾಟಲಿ, ಟಾರ್ಚು, ದಾರಿ ತಿಂಡಿ, ಬಿಸಿಲಿಗೆ ಟೋಪಿ-ಕ್ರೀಮು, ಸೀಟಿ. ದಾರಿ ತಪ್ಪಿದರೆ ಇದ್ದಲ್ಲೇ ನಿಂತು ಮೂರು ಸಲ ಸೀಟಿ ಊದಬೇಕು ಅಂತ ಹಿತ್ತಲಲ್ಲೇ ಊದಿಸಿ ನೋಡಿದೆ.

ಅಡುಗೆಗೆ ನಾನು ರವೆ ನೆಚ್ಚಿಕೊಂಡಿದ್ದೇನೆ. ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆಯಲ್ಲೇ ರವೆಯನ್ನು ಘಮ್ ಅನ್ನುವ ತನಕ ಹುರಿದು, ಆರಿಸಿ, ಉಪ್ಪು ಬೆರೆಸಿ ಡಬ್ಬಿಗೆ ಹಾಕುತ್ತೇನೆ. ಅಲ್ಲಿ ಒಂದು ಲೋಟಕ್ಕೆ ಎರಡೂವರೆ ಲೋಟ ಕುದಿಯುವ ನೀರು ಹಾಕಿದರೆ ಉಪ್ಪಿಟ್ಟು. ರಾತ್ರಿಗೆ ಕಡಕ್ ರೊಟ್ಟಿ. ಶೇಂಗಾ ಚಟ್ನಿಪುಡಿ ಒಯ್ಯುವುದಿಲ್ಲ. ಪ್ಯಾಕ್‌ನ ಒಂದು ಮಗುವಿಗೆ ಶೇಂಗಾ ಆಗುವುದಿಲ್ಲ, ವಾಸನೆ ಹತ್ತಿದ ಕೈಯಿಂದ ಮುಟ್ಟಿದರೂ ಅದರ ಅಮ್ಮನಿಗೆ ಜೀವ ಹಾರುತ್ತದೆ. ಅದಕ್ಕೆ ಪುಟಾಣಿ ಚಟ್ನಿ. ಏನು ಒಯ್ಯಬೇಕಾದರೂ ಮೊದಲು ಉಳಿದವರನ್ನು ಕೇಳಿ. ಸಸ್ಯಾಹಾರಿಗಳು ಇನ್ನೊಂದು ನೆನಪಿಡಿ: ಬೆಂಕಿಯ ಸುತ್ತ ಮಕ್ಕಳು ಸುಡುವ ಮಾರ್ಷ್‌ಮ್ಯಾಲೋ ಮಿಠಾಯಿಯಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ-ಮೂಳೆಯಿಂದ ಮಾಡಿದ್ದು. ಜೆಲಾಟಿನ್ ಇಲ್ಲದ್ದೂ ಸಿಗುತ್ತದೆ, ನಾನು ಒಂದು ಪ್ಯಾಕೆಟ್ ಜಾಸ್ತಿಯೇ ಒಯ್ಯುತ್ತೇನೆ. ನಮ್ಮ ಮಗು ಒಂದೇ ಸುಮ್ನೆ ನೋಡ್ತಾ ಕೂರಬಾರದು ಅಲ್ವಾ.

ಸೌದೆ ಮನೆಯಿಂದ ಒಯ್ಯಬೇಡಿ, ಅದರೊಳಗಿನ ಹುಳ ಇನ್ನೊಂದು ಕಾಡಿಗೆ ಹೋಗುತ್ತದೆ. ಅಲ್ಲೇ ಹತ್ತಿರದಲ್ಲಿ ಕೊಳ್ಳಿ. ಪ್ಯಾಕ್‌ಗೆ ಕೊಡುವ ಆರೋಗ್ಯದ ಫಾರಂ ಮನೆಯ ಎಲ್ಲರದೂ ಬೇಕು, ದೊಡ್ಡವರದೂ. ವಾಪಸು ಬಂದ ಕೂಡಲೇ ಮೊಣಕಾಲಿನ ಹಿಂದೆ, ಕಿವಿಯ ಹಿಂದೆ, ಸೊಂಟದ ಪಟ್ಟಿಯ ಹತ್ತಿರ, ಕೂದಲಲ್ಲಿ ಉಣ್ಣಿ ಇದೆಯಾ ನೋಡಿ. ಈ ಕಡೆ ಲೈಮ್ ಕಾಯಿಲೆ ಉಣ್ಣಿಯಿಂದಲೇ ಬರುತ್ತದೆ.

ಕರಡಿಯ ವಿಷಯ ಮಗನಿಗೆ ಮೊದಲೇ ಹೇಳಿದ್ದೆ. ಆ ಕಾಡಿನಲ್ಲಿ ಕಪ್ಪು ಕರಡಿಗಳಿವೆ, ವಾಸನೆ ಬರುವ ಯಾವುದೂ ಟೆಂಟಿನಲ್ಲಿ ಇರಬಾರದು, ಟೂತ್‌ಪೇಸ್ಟೂ. ಎರಡನೇ ಸಲ ಮಲಗುವಾಗ ಅವನೇ ಜಾಕೆಟ್ಟಿನ ಜೇಬು ಒಂದೊಂದಾಗಿ ಹೊರಗೆ ತೆಗೆದು ತೋರಿಸಿದ. ಕೊನೆಯ ಜೇಬಿನಲ್ಲಿ ಅರ್ಧ ಕಚ್ಚಿದ ಬೆಲ್ಲದ ತುಂಡು. ಇಬ್ಬರೂ ಟಾರ್ಚು ಕಟ್ಟಿಕೊಂಡು ಹೋಗಿ ಆಹಾರ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿ ಅದನ್ನಿಟ್ಟು ಚಿಲಕ ಹಾಕಿ ಬಂದೆವು. ಬೆಳಿಗ್ಗೆ ಆರೂವರೆಗೆ ನಾನು ಉಪ್ಪಿಟ್ಟಿಗೆ ನೀರಿಟ್ಟಾಗಲೂ ಅವನು ಜಮಖಾನೆಯ ಮೇಲೆ ನಿದ್ದೆಯಲ್ಲಿದ್ದ. ಬೆನ್ನಿಗೆ ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು.