ಕುಮುದ್ವತಿ: ಅಪರೂಪದ ಹೆಸರನ್ನು ನಾನು ಪರೀಕ್ಷಿಸುವ ಬಗೆ

ಹೆಣ್ಣುಮಗುವಿಗೆ ಹೆಸರು ಹುಡುಕಿಕೊಡಿ ಅಂತ ಬರುವವರು ಮೊದಲು ಕೇಳುವುದು ‘ಯಾರೂ ಇಡದ ಹೆಸರು’, ಆಮೇಲೆ ‘ಒಳ್ಳೆಯ ಅರ್ಥ’. ಎರಡೂ ಇರುವ ಹೆಸರುಗಳ ಪಟ್ಟಿ ಮೊಬೈಲಿನಲ್ಲಿ ಸಾವಿರಗಟ್ಟಲೆ ಸಿಗುತ್ತದೆ. ಆದರೆ ಅಲ್ಲಿ ಬರೆದಿರುವ ಅರ್ಥ ಎಷ್ಟೋ ಸಲ ಯಾವ ನಿಘಂಟಿನಲ್ಲೂ ಇರುವುದಿಲ್ಲ. ಅದಕ್ಕೇ ನಾನು ಅರ್ಥದಿಂದ ಶುರು ಮಾಡುವುದೇ ಇಲ್ಲ, ಕಾಗುಣಿತದಿಂದ ಶುರು ಮಾಡುತ್ತೇನೆ. ಶಿಕಾರಿಪುರ, ಹೊಸನಗರದ ಕಡೆಯವರಿಗೆ ಹೊಳೆಯ ಹೆಸರಾಗಿ ಪರಿಚಯವಿದ್ದೂ ಮಕ್ಕಳಿಗೆ ಇಡುವುದು ಕಡಿಮೆಯಾದ ‘ಕುಮುದ್ವತಿ’ಯನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದೇನೆ.

ಕಾಗುಣಿತ ಯಾಕೆ ಮೊದಲು ಅಂದರೆ, ಒಂದು ಒತ್ತು ತಪ್ಪಿದರೆ ಹುಡುಕುವ ಪದವೇ ಬೇರೆಯಾಗುತ್ತದೆ. ಈಗ ಮನೆಮನೆಯಲ್ಲಿರುವ ‘ಆದ್ಯಾ’ ನೋಡಿ. ದಕಾರಕ್ಕೆ ಯ ಒತ್ತು ಕೊಟ್ಟರೆ ‘ಮೊದಲನೆಯವಳು’. ಢಕಾರ ಬರೆದು ‘ಆಢ್ಯಾ’ ಅಂದರೆ ‘ಸಿರಿವಂತೆ’. ನಡುವೆ ‘ಆಧ್ಯಾ’ ಅಂತ ಧಕಾರ ಹಾಕಿಸಿಕೊಂಡ ಮಕ್ಕಳೂ ಬೇಕಾದಷ್ಟಿದ್ದಾರೆ, ಆ ರೂಪಕ್ಕೆ ಹಿಡಿದು ತೋರಿಸುವಂಥ ಅರ್ಥವಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಆರಿಸಿ ಆಮೇಲೆ ಕನ್ನಡಕ್ಕೆ ಇಳಿಸುವುದರಿಂದ ಆಗುವ ಅನಾಹುತ ಇದು. ಮೊದಲು ಕನ್ನಡದಲ್ಲಿ ಬರೆದು ಗಟ್ಟಿ ಮಾಡಿಕೊಳ್ಳಬೇಕು.

ಕುಮುದ್ವತಿಗೆ ಮೂರು ರೂಪ ಓಡಾಡುತ್ತವೆ: ಕುಮುದ್ವತಿ, ಕುಮುದವತಿ, ಕುಮದ್ವತಿ. ಮೂರನೆಯದು ನಮ್ಮ ಶಿವಮೊಗ್ಗ ಜಿಲ್ಲೆಯ ಫಲಕಗಳಲ್ಲಿ, ಜನರ ಬಾಯಲ್ಲಿ ಚಾಲ್ತಿಯಲ್ಲಿರುವುದು. ‘ಮು’ ಸವೆದು ‘ಮ’ ಆಗಿದೆ. ಎರಡನೆಯದು ಗುಣವತಿ, ರೂಪವತಿಗಳ ಅಚ್ಚಿನಲ್ಲಿ ಜನ ಮಾಡಿಕೊಂಡದ್ದು, ಕೇಳಲು ಸಹಜವಾಗಿಯೇ ಇದೆ. ಆದರೆ ಈ ಪದಕ್ಕೆ ಪಾಣಿನಿಯ ಸಂಸ್ಕೃತ ವ್ಯಾಕರಣದಲ್ಲಿ ಪ್ರತ್ಯೇಕ ಸೂತ್ರವೇ ಇದೆ (4.2.87): ಕುಮುದ, ನಡ, ವೇತಸ ಎಂಬ ಮೂರು ಪದಗಳಿಗೆ ‘ಉಳ್ಳದ್ದು’ ಎಂಬ ಅರ್ಥದ ‘ವತ್’ ಪ್ರತ್ಯಯ ಹತ್ತಿದಾಗ ಕೊನೆಯ ಅಕಾರ ಬಿದ್ದುಹೋಗುತ್ತದೆ. ಹಾಗಾಗಿ ಕುಮುದ್ವತ್, ಅದರ ಸ್ತ್ರೀಲಿಂಗ ಕುಮುದ್ವತೀ. ಕನ್ನಡಕ್ಕೆ ತತ್ಸಮವಾಗಿ ಬರುವಾಗ ಕೊನೆಯ ದೀರ್ಘ ಹ್ರಸ್ವವಾಗುತ್ತದೆ. ಮನೆಯಲ್ಲಿ ಹೇಗೆ ಕರೆದರೂ ಸರಿ, ದಾಖಲೆಗೆ ಹೋಗುವುದು ದಕಾರಕ್ಕೆ ವ ಒತ್ತು ಇರುವ ಈ ರೂಪವಾಗಲಿ ಎನ್ನುವುದು ನನ್ನ ಹಟ.

ಇನ್ನು ಅರ್ಥ. ‘ತಾವರೆಯಂಥವಳು’ ಅಂತ ಬರೆದಿದ್ದರೆ ಅದು ತಪ್ಪು. ಕುಮುದ ತಾವರೆಯಲ್ಲ, ನೈದಿಲೆ, ಅದರಲ್ಲೂ ಬಿಳಿಯದು. ಅಮರಕೋಶ ‘ಸಿತೇ ಕುಮುದಕೈರವೇ’ ಎಂದು ಬಣ್ಣವನ್ನೇ ಹೇಳಿಬಿಟ್ಟಿದೆ. ಅನುಮಾನವಿದ್ದವರನ್ನು ನಾನು ಹತ್ತಿರದ ಕೆರೆಗೆ ಕಳಿಸುತ್ತೇನೆ. ಎಲೆ ನೋಡಿದರೆ ಸಾಕು. ನೈದಿಲೆಯ ಎಲೆ ನೀರಿನ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ, ಅಂಚಿನಿಂದ ದಂಟು ಸೇರುವ ಜಾಗದವರೆಗೆ ಒಂದು ಸೀಳು ಇರುತ್ತದೆ. ತಾವರೆ ಎಲೆಗೆ ಸೀಳಿಲ್ಲ, ದಂಟು ನಟ್ಟನಡುವೆ ಕೂಡಿರುತ್ತದೆ, ಬಲಿತ ಎಲೆ ನೀರು ಬಿಟ್ಟು ಮೇಲೆದ್ದು ನಿಂತು ಹನಿಗಳನ್ನು ಉರುಳಿಸಿಬಿಡುತ್ತದೆ. ತಾವರೆ ಹಗಲಿನ ಹೂವು. ಬಿಳಿ ನೈದಿಲೆ ಸಂಜೆ ಅರಳಿ ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಚಂದ್ರನಿಗೆ ‘ಕುಮುದಬಾಂಧವ’ ಎಂಬ ಹೆಸರು ಬಂದದ್ದು ಇದರಿಂದಲೇ. ಕುಮುದ್ವತಿ ಅಂದರೆ ಒಂದು ಹೂವೂ ಅಲ್ಲ. ನೈದಿಲೆಗಳಿಂದ ತುಂಬಿದ್ದು, ನೈದಿಲೆಯ ಬಳ್ಳಿ, ನೈದಿಲೆಯ ಕೊಳ. ಒಂಟಿ ಹೂವಿನ ಹೆಸರು ಬೇಕಿದ್ದವರು ‘ಕುಮುದಾ’ ಅಂತಲೇ ಇಡಬಹುದು.

‘ಕು ಅಂದರೆ ಕೆಟ್ಟದ್ದಲ್ವಾ?’ ಎಂಬ ಪ್ರಶ್ನೆ ಅಜ್ಜಂದಿರಿಂದ ಬಂದೇ ಬರುತ್ತದೆ. ಕುರೂಪ, ಕುಕೃತ್ಯದಲ್ಲಿರುವ ಕು ಹೌದು, ಹಾಗೇ. ಆದರೆ ಸಂಸ್ಕೃತದಲ್ಲಿ ‘ಕು’ ಎಂದರೆ ಭೂಮಿಯೂ ಹೌದು. ‘ಕೌ ಮೋದತೇ’, ನೆಲದ ಮೇಲೆ ನಲಿಯುವುದು, ಎಂದು ವ್ಯಾಖ್ಯಾನಕಾರರು ಕುಮುದವನ್ನು ಬಿಡಿಸುತ್ತಾರೆ. ಇಷ್ಟು ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಮೂರನೆಯ ಹೆಜ್ಜೆ, ಈ ಹೆಸರನ್ನು ಹಿಂದೆ ಯಾರು ಹೊತ್ತಿದ್ದರು ಎಂಬುದು. ಪಟ್ಟಿಯಲ್ಲಿ ‘ಲಕ್ಷ್ಮಿಯ ಇನ್ನೊಂದು ಹೆಸರು’ ಎಂದಿದ್ದರೆ ಲಕ್ಷ್ಮೀ ಅಷ್ಟೋತ್ತರವನ್ನು, ಲಲಿತಾ ಸಹಸ್ರನಾಮವನ್ನು ತೆಗೆದು ಬೆರಳಿಟ್ಟು ನೋಡುತ್ತೇನೆ. ಅರ್ಥ ಗೊತ್ತಿಲ್ಲದ ಹೆಸರಿಗೆಲ್ಲ ಲಕ್ಷ್ಮಿಯನ್ನೋ ದುರ್ಗೆಯನ್ನೋ ಅಂಟಿಸುವುದು ಪಟ್ಟಿ ಮಾಡುವವರ ಸುಲಭದ ದಾರಿ. ಕುಮುದ್ವತಿಗೆ ಅಂಥ ಆಸರೆ ಬೇಕಿಲ್ಲ. ಕಾಳಿದಾಸನ ರಘುವಂಶದ 16ನೇ ಸರ್ಗದಲ್ಲಿ ಅವಳೇ ಬರುತ್ತಾಳೆ. ಸರಯೂ ನದಿಯಲ್ಲಿ ಕುಶನ ಆಭರಣ ಕಳೆದುಹೋಗಿ, ಅವನು ಗರುಡಾಸ್ತ್ರ ಹೂಡಿದಾಗ ನಾಗರಾಜ ಕುಮುದ ಆಭರಣದ ಜೊತೆಗೆ ತಂಗಿ ಕುಮುದ್ವತಿಯನ್ನೂ ಕರೆತಂದು ಒಪ್ಪಿಸುತ್ತಾನೆ. ಅಂದರೆ ಶ್ರೀರಾಮನ ಸೊಸೆ. ಮುಂದಿನ ಸರ್ಗದಲ್ಲಿ ಅವಳ ಮಗ ಅತಿಥಿ ಪಟ್ಟಕ್ಕೆ ಬರುತ್ತಾನೆ. ಸಂಗೀತದವರ ಮನೆಯಾದರೆ ಇನ್ನೊಂದು ಮಾತು ಸೇರಿಸುತ್ತೇನೆ: ಸ್ವರಗಳ ಸೂಕ್ಷ್ಮ ಅಂತರಗಳಾದ 22 ಶ್ರುತಿಗಳಲ್ಲಿ ಷಡ್ಜಕ್ಕೆ, ಅಂದರೆ ‘ಸ’ ಸ್ವರಕ್ಕೆ, ಸೇರಿದ ನಾಲ್ಕು ತೀವ್ರಾ, ಕುಮುದ್ವತೀ, ಮಂದಾ, ಛಂದೋವತೀ.

ಊರಿನ ನಂಟು ಬೇರೆ. ಹುಂಚದ ಹತ್ತಿರ ಹುಟ್ಟಿ ಶಿಕಾರಿಪುರದ ಮೇಲೆ ಹಾದು ತುಂಗಭದ್ರೆ ಸೇರುವ ಹೊಳೆ ನಮ್ಮ ಕುಮುದ್ವತಿ. ಅಂಜನಾಪುರ ಜಲಾಶಯ ಇದರದ್ದೇ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವಾಗ ಚೋರಡಿಯಲ್ಲಿ ದಾಟುವುದೂ ಇದನ್ನೇ, ಅಲ್ಲಿಯವರಿಗೆ ಅದು ಚೋರಡಿ ಹೊಳೆ. ಶಿವಗಂಗೆಯಲ್ಲಿ ಹುಟ್ಟಿ ಅರ್ಕಾವತಿ ಸೇರುವ ಇನ್ನೊಂದು ಕುಮುದ್ವತಿಯೂ ಇದೆ. ಜಾಲದಲ್ಲಿ ಹುಡುಕಿದರೆ ಎರಡರ ಮಾಹಿತಿ ಕಲಸಿಕೊಂಡು ಬರುತ್ತದೆ, ಜಿಲ್ಲೆ ನೋಡಿ ಬೇರ್ಪಡಿಸಿಕೊಳ್ಳಬೇಕು.

ನದಿಯ ಹೆಸರು ಇಡಬಾರದು ಎನ್ನುವವರು ಮನುಸ್ಮೃತಿಯ ಬಲದಿಂದ ಮಾತಾಡುತ್ತಾರೆ. ನಕ್ಷತ್ರ, ಮರ, ನದಿಗಳ ಹೆಸರಿನ ಕನ್ಯೆ ಮದುವೆಗೆ ಬೇಡವೆಂದು 3.9ರಲ್ಲಿ ಇರುವುದು ನಿಜ. ಹೆಣ್ಣಿನ ಹೆಸರು ಉಚ್ಚರಿಸಲು ಸುಲಭವಾಗಿ, ಅರ್ಥ ಸ್ಪಷ್ಟವಾಗಿ, ಮಂಗಳಕರವಾಗಿ, ದೀರ್ಘಾಂತವಾಗಿ ಇರಬೇಕೆಂದು 2.33ರಲ್ಲಿ ಇದೆ, ಅದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ತುಂಗಾ, ಭದ್ರಾ, ವರದಾ, ಶರಾವತಿ ಎಂದು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದ ಮಲೆನಾಡು ಈ ನಿಷೇಧಕ್ಕೆ ಎಂದೂ ಸೊಪ್ಪು ಹಾಕಿಲ್ಲ.

ಹಳಗನ್ನಡದ ಹೆಸರು ಬೇಕೆನ್ನುವವರಿಗೆ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೇ ಸಂಪುಟ ತೋರಿಸುತ್ತೇನೆ. 1902 ಮತ್ತು 1904ರಲ್ಲಿ ಬಂದ ಇವೆರಡೂ ಪೂರ್ತಿ ಶಿವಮೊಗ್ಗ ಜಿಲ್ಲೆಯ ಶಾಸನಗಳು. 10ನೇ ಶತಮಾನದ ಆದಿಯಲ್ಲಿ ನಾಗರಖಂಡವೆಂಬ ನಾಡನ್ನು ಆಳಿದ ಜಕ್ಕಿಯಬ್ಬೆ ಸಿಗುವುದು ಅಲ್ಲೇ. ಜಕ್ಕಿ ಎಂದರೆ ಯಕ್ಷಿ, ಅಬ್ಬೆ ಎಂದರೆ ತಾಯಿ. ಓದಿ ಮೆಚ್ಚುವವರು ಬಹಳ, ಇಡುವವರು ಕಡಿಮೆ. ಅಚ್ಚಗನ್ನಡ ಪದಗಳಿಗೆ ಕಿಟೆಲ್ ನಿಘಂಟು (1894), ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳು ಎರಡನ್ನೂ ನೋಡಲೇಬೇಕು. ‘ಸುರಗಿ’ ಎಷ್ಟು ಚೆಂದ. ಒಣಗಿದ ಮೇಲೂ ಬಟ್ಟೆ ಪೆಟ್ಟಿಗೆಯಲ್ಲಿ ಘಮ ಉಳಿಸುವ ಹೂವು. ಆದರೆ ಹಳೆಯ ಕಾವ್ಯದಲ್ಲಿ ಅದೇ ಪದಕ್ಕೆ ಕಿರುಗತ್ತಿ ಎಂಬ ಅರ್ಥವೂ ಇದೆ. ನನಗೇನೋ ಎರಡೂ ಇಷ್ಟ. ತಂದೆತಾಯಿಗೆ ಮೊದಲೇ ಗೊತ್ತಿರಲಿ ಅಂತ ಹೇಳುತ್ತೇನೆ.

ಎಷ್ಟು ಅಪರೂಪ ಎಂದು ತಿಳಿಯುವುದೇ ಕಷ್ಟದ ಭಾಗ. ವರ್ಷವರ್ಷ ಯಾವ ಹೆಸರು ಎಷ್ಟು ಮಕ್ಕಳಿಗೆ ಇಟ್ಟರು ಎಂಬ ಅಧಿಕೃತ ಪಟ್ಟಿ ನಮ್ಮಲ್ಲಿ ಪ್ರಕಟವಾಗುವುದಿಲ್ಲ. ಅಮೆರಿಕದ್ದು 1880ರಿಂದ ಇದೆ, ಅದರಲ್ಲೂ ವರ್ಷಕ್ಕೆ 5ಕ್ಕಿಂತ ಕಡಿಮೆ ಮಕ್ಕಳಿರುವ ಹೆಸರು ಸೇರುವುದಿಲ್ಲ. ಹೆಸರಿನ ತಾಣಗಳ ‘ಜನಪ್ರಿಯತೆ’ ಎಷ್ಟೋ ಸಲ ಬರೀ ಅಲ್ಲಿ ಬಂದು ಮೆಚ್ಚುಗೆ ಒತ್ತಿದವರ ಲೆಕ್ಕ. ನಾನು ಮತದಾರರ ಪಟ್ಟಿ ನೋಡುತ್ತೇನೆ. ಜಿಲ್ಲೆಯ 7 ವಿಧಾನಸಭಾ ಕ್ಷೇತ್ರಗಳ ಪಟ್ಟಿ ಮತಗಟ್ಟೆವಾರು ಸಿಗುತ್ತದೆ, ಹೆಸರಿನ ಜೊತೆ ವಯಸ್ಸೂ ಇರುವುದರಿಂದ ಯಾವ ತಲೆಮಾರಿನ ಹೆಸರು ಎಂದು ಗೊತ್ತಾಗುತ್ತದೆ. ಪುಟಗಳು ಚಿತ್ರರೂಪದಲ್ಲಿದ್ದರೆ ಹುಡುಕುವ ಗುಂಡಿ ಕೆಲಸ ಮಾಡದು, ಕಣ್ಣಲ್ಲೇ ಓದಬೇಕು. 18 ತುಂಬದವರು ಇದರಲ್ಲಿಲ್ಲ. ಚಿಕ್ಕಮಕ್ಕಳ ಹೆಸರಿಗೆ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಬಾಯಿಮಾತಲ್ಲಿ ಕೇಳುವುದೇ ಒಳ್ಳೆಯದು. ಹೀಗೆ ನೋಡಿದರೆ ಕುಮುದಾ, ಕುಮುದಿನಿ ಆಗಾಗ ಎದುರಾಗುತ್ತಾರೆ. ಕುಮುದ್ವತಿ ಸಿಕ್ಕಿದರೆ ಅಚ್ಚರಿ.

ಜಾತಕ ನೋಡುವವರಿಗೆ: ‘ಕು’ ಆರ್ದ್ರಾ ನಕ್ಷತ್ರದ ಮೊದಲ ಪಾದ. ಅದೇ ನಕ್ಷತ್ರದ ಮೂರನೇ ಪಾದಕ್ಕೆ ‘ಙ’ ಬಂದಿದೆ, ಅದರಲ್ಲಿ ಹೆಸರು ಹುಡುಕುವವರ ಪಾಡು ದೇವರಿಗೇ ಪ್ರೀತಿ.

ಅಂಗಳದಲ್ಲಿ ನಿಂತು ತೋಟದ ಕಡೆಗೆ ಒಮ್ಮೆ ಕೂಗಿಯೂ ನೋಡಬೇಕು. ಒತ್ತಕ್ಷರದ ಹಿಂದಿನ ‘ಮು’ ಗುರುವಾಗಿ ಭಾರ ಅಲ್ಲಿ ಬೀಳುತ್ತದೆ, ಕೊನೆಯ ‘ತಿ’ ಎಳೆಯಲು ಸಲೀಸು. ದಿನಬಳಕೆಯಲ್ಲಿ ಕುಮುದಿ, ಕುಮ್ಮಿ ಆಗುವುದು ಖಂಡಿತ. ಅದು ಸಮ್ಮತವಿಲ್ಲದವರು ಈ ಹೆಸರಿಗೆ ಕೈಹಾಕಬಾರದು.

ಕೊನೆಗೆ ದಾಖಲೆ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಗೆ ಅವಸರವಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ಶುಲ್ಕ ಕೊಟ್ಟು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಮುಖ್ಯ ಆಧಾರವಾದ್ದರಿಂದ ಅಲ್ಲಿನ ಅಕ್ಷರ ಸರಿಯಿರಲೇಬೇಕು. ಇಂಗ್ಲಿಷಿನಲ್ಲಿ ‘ವ’ಕ್ಕೆ ವಿ ಅಥವಾ ಡಬ್ಲ್ಯೂ, ‘ತಿ’ಗೆ ಬರೀ ಟಿ ಅಥವಾ ಟಿ-ಹೆಚ್, ಹೀಗೆ ನಾಲ್ಕು ರೂಪ ಸಾಧ್ಯ, ಒಂದನ್ನು ಆರಿಸಿ ಚೀಟಿಯಲ್ಲಿ ಬರೆದಿಟ್ಟುಕೊಂಡು ಎಲ್ಲ ಕಡೆ ಅದನ್ನೇ ಕೊಡಿ. ಆಧಾರ್ ಮಾಡಿಸುವಾಗ ಯಂತ್ರ ಇಂಗ್ಲಿಷಿನಿಂದ ತಾನಾಗಿ ಕನ್ನಡಕ್ಕೆ ತಿರುಗಿಸುತ್ತದೆ, ಟಿ-ಹೆಚ್ ಕಂಡರೆ ‘ಕುಮುದ್ವಥಿ’ ಎಂದು ಕೂರಿಸಿಬಿಡಬಹುದು. ಒಪ್ಪಿಗೆ ಕೊಡುವ ಮೊದಲು ಪರದೆಯ ಕನ್ನಡ ಸಾಲನ್ನು ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ.