ಪರದೇಶದಲ್ಲಿ ನೆಲೆಸಿದವರ ರಜಾ ಪ್ರವಾಸ: ಲೆಕ್ಕ ಶುರುವಾಗುವುದು ಮರಳುವ ದಿನದಿಂದ

ಸ್ವಂತ ದೇಶದಲ್ಲೇ ಇರುವವರು ಪ್ರವಾಸ ಹೊರಟರೆ ನೋಡಬೇಕಾದ್ದು ಹೋಗುವ ದೇಶದ ಗಡಿಯೊಂದನ್ನೇ. ಮನೆಗೆ ಮರಳಲು ಯಾರ ಅಪ್ಪಣೆಯೂ ಬೇಡ. ಕೆಲಸಕ್ಕೋ ಓದಿಗೋ ಹೊರಗೆ ನೆಲೆಸಿದವರಿಗೆ ಹಾಗಿಲ್ಲ: ಪಾಸ್‌ಪೋರ್ಟ್ ಒಂದು ದೇಶದ್ದು, ಮನೆ ಇನ್ನೊಂದರಲ್ಲಿ, ರಜೆ ಮೂರನೆಯದರಲ್ಲಿ. ಹೋಗುವ ವೀಸಾ ಕೈಗೆ ಬಂದ ಖುಷಿಯಲ್ಲಿ ಟಿಕೆಟ್ ತೆಗೆದು, ಮರಳುವಾಗ ಸಿಕ್ಕಿಹಾಕಿಕೊಳ್ಳುವವರೇ ಹೆಚ್ಚು. ಹಾಗಾಗಿ ಮೊದಲು ಕ್ಯಾಲೆಂಡರಿನಲ್ಲಿ ಮರಳುವ ದಿನಕ್ಕೆ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡುತ್ತ ಬನ್ನಿ.

ಕಾಗದಗಳ ಸರದಿ

ಮೊದಲು ಪಾಸ್‌ಪೋರ್ಟ್, ಆಮೇಲೆ ರೆಸಿಡೆನ್ಸ್ ಪರ್ಮಿಟ್, ಆಮೇಲೆ ಹೋಗುವ ದೇಶದ ವೀಸಾ, ಕೊನೆಗೆ ಹಣ ಮರಳಿ ಬಾರದ ಟಿಕೆಟ್. ಈ ಸರದಿ ತಪ್ಪಬಾರದು, ಏಕೆಂದರೆ ಪ್ರತಿಯೊಂದೂ ಅದರ ಹಿಂದಿನದರ ಅವಧಿಯ ಮೇಲೆ ನಿಂತಿದೆ. ಪಾಸ್‌ಪೋರ್ಟ್ ಮುಗಿಯುವ ಹೊತ್ತಿಗೆ ಪರ್ಮಿಟ್ ನವೀಕರಿಸಿದರೆ ಪರ್ಮಿಟ್ಟೂ ಮೊಟಕಾಗುತ್ತದೆ. ಪರ್ಮಿಟ್ ಮುಗಿಯುವ ಹೊತ್ತಿಗೆ ಬೇರೆ ದೇಶದ ವೀಸಾ ಕೇಳಿದರೆ, 'ಇವರು ಎಲ್ಲಿಗೆ ಮರಳುತ್ತಾರೆ' ಎಂಬ ಅನುಮಾನಕ್ಕೇ ಅರ್ಜಿ ತಿರಸ್ಕಾರವಾಗಬಹುದು. ಮರಳುವ ದಿನದ ನಂತರವೂ ಪರ್ಮಿಟ್ಟಿಗೆ ಕನಿಷ್ಠ 3 ತಿಂಗಳು ಜೀವ ಇರಲಿ.

ಪಾಸ್‌ಪೋರ್ಟಿಗೆ ಹಲವು ದೇಶಗಳು 6 ತಿಂಗಳ ಅವಧಿ ಕೇಳುತ್ತವೆ. ಯುರೋಪಿನ ಷೆಂಗೆನ್ ದೇಶಗಳ ನಿಯಮ ಬೇರೆ: ಅಲ್ಲಿಂದ ಹೊರಡುವ ದಿನದ ಮೇಲೆ 3 ತಿಂಗಳು ಬಾಕಿ ಇರಬೇಕು, ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ವೀಸಾ ಅರ್ಜಿಗೆ ಎರಡು ಖಾಲಿ ಪುಟ ಬೇಕು. ಆರು ತಿಂಗಳು ಎಂದುಕೊಂಡೇ ನಡೆದರೆ ಎರಡೂ ಕಡೆ ತೊಂದರೆಯಿಲ್ಲ.

ಅಮೆರಿಕದಲ್ಲಿ ಕೆಲಸದ ವೀಸಾದ ಮೇಲೆ ಇರುವವರಿಗೆ ಪಾಸ್‌ಪೋರ್ಟಿನಿಂದ ಇನ್ನೊಂದು ತೊಡಕಿದೆ. ಎಚ್-1ಬಿ ಅನುಮೋದನೆ ಇನ್ನೂ ಎರಡು ವರ್ಷ ಇದ್ದರೂ ಪಾಸ್‌ಪೋರ್ಟ್ ಎಂಟು ತಿಂಗಳಲ್ಲಿ ಮುಗಿಯುವುದಿದ್ದರೆ, ಮರಳುವಾಗ ಗಡಿ ಅಧಿಕಾರಿ ಐ-94 ದಾಖಲೆಯನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಕತ್ತರಿಸಬಹುದು. ಆ ದೇಶದಲ್ಲಿ ಎಷ್ಟು ದಿನ ಇರಬಹುದೆಂದು ಹೇಳುವುದು ಐ-94, ವೀಸಾ ಸ್ಟಾಂಪ್ ಅಲ್ಲ. ಮನೆ ಸೇರಿದ ವಾರದೊಳಗೆ ಸರ್ಕಾರಿ ಜಾಲತಾಣದಿಂದ ಹೊಸ ಐ-94 ಇಳಿಸಿಕೊಂಡು ದಿನಾಂಕ ನೋಡಿ. ಇದನ್ನು ಮರೆತು, ಗೊತ್ತಿಲ್ಲದೆಯೇ ಅವಧಿ ಮೀರಿ ಉಳಿದವರಿದ್ದಾರೆ.

ಅರ್ಜಿ ಬಾಕಿ ಇರುವಾಗ ಹೊರಡುವ ಮುನ್ನ

ದುಬಾರಿಯಾಗುವ ತಪ್ಪುಗಳೆಲ್ಲ ಇಲ್ಲೇ. ಪರ್ಮಿಟ್ ನವೀಕರಣಕ್ಕೆ ಹಾಕಿ, 'ಬರುವುದು ಬರಲಿ, ಅಷ್ಟರಲ್ಲಿ ಒಂದು ಸುತ್ತು ಹೋಗಿಬರೋಣ' ಎಂದು ಹೊರಟರೆ ಏನಾಗುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಬ್ರಿಟನ್ನಿನಲ್ಲಿ ಒಳಗಿನಿಂದಲೇ ವೀಸಾ ವಿಸ್ತರಣೆಗೆ ಅರ್ಜಿ ಹಾಕಿ, ತೀರ್ಮಾನ ಬರುವ ಮೊದಲು ಕಾಮನ್ ಟ್ರಾವೆಲ್ ಏರಿಯಾ ದಾಟಿದರೆ ಅರ್ಜಿ ಹಿಂತೆಗೆದುಕೊಂಡಂತೆ ಆಗುತ್ತದೆ. ಈ ವಲಯದಲ್ಲಿ ಬ್ರಿಟನ್, ಐರ್ಲೆಂಡ್, ಐಲ್ ಆಫ್ ಮ್ಯಾನ್, ಚಾನೆಲ್ ದ್ವೀಪಗಳು ಸೇರಿವೆ. ವಾರಾಂತ್ಯಕ್ಕೆ ಪ್ಯಾರಿಸ್ಸಿಗೆ ಹೋಗಿಬಂದರೂ ಸಾಕು, ಅರ್ಜಿ ಹೋಯಿತು.

ಅಮೆರಿಕದಲ್ಲಿ ಒಂದು ಬಗೆಯ ವೀಸಾದಿಂದ ಇನ್ನೊಂದಕ್ಕೆ ಬದಲಾಯಿಸಲು ಹಾಕಿದ ಅರ್ಜಿ ದೇಶ ಬಿಟ್ಟ ಕೂಡಲೇ ಬಿದ್ದುಹೋಗುತ್ತದೆ. ಗ್ರೀನ್ ಕಾರ್ಡಿನ ಕೊನೆಯ ಹಂತದ ಐ-485 ಬಾಕಿ ಇದ್ದರೆ ಅಡ್ವಾನ್ಸ್ ಪೆರೋಲ್ (ಹೊರಗೆ ಹೋಗಿ ಮರಳಲು ಕೊಡುವ ಮುಂಗಡ ಅನುಮತಿ) ಕೈಗೆ ಬರುವವರೆಗೆ ಕಾಯಬೇಕು. ಎಚ್-1ಬಿ, ಎಲ್-1 (ಕಂಪನಿಯೊಳಗಿನ ವರ್ಗಾವಣೆಯ ವೀಸಾ) ಸ್ಥಿತಿಯನ್ನು ಉಳಿಸಿಕೊಂಡು ಅದೇ ವೀಸಾದ ಮೇಲೆ ಮರಳುವವರಿಗೆ ಇದರಿಂದ ವಿನಾಯಿತಿ.

ಜರ್ಮನಿಯಲ್ಲಿ ನವೀಕರಣ ತಡವಾದಾಗ ಕೊಡುವ ಫಿಕ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ಹಸಿರು ಕಾಗದವನ್ನು ಬಿಡಿಸಿ, ಯಾವ ಚೌಕಕ್ಕೆ ಗುರುತು ಬಿದ್ದಿದೆ ನೋಡಿ. ವಾಸದ ಕಾನೂನಿನ 81ನೇ ಕಲಮಿನ 4ನೇ ಉಪಕಲಮು ಎಂದಿದ್ದರೆ ಹೋಗಿ ಮರಳಬಹುದು. 3ನೇ ಉಪಕಲಮು ಎಂದಿದ್ದರೆ ಆ ಕಾಗದದ ಬಲದಿಂದ ಒಳಗೆ ಬರಲಾಗದು. ಕಾಗದ ಒಂದೇ, ಗುರುತು ಬೇರೆ.

ಸ್ಟಾಂಪ್ ಮುಗಿದ ಅಮೆರಿಕ ವಾಸಿಗಳಿಗೆ ಒಂದು ಉಪಯುಕ್ತ ದಾರಿ ಉಂಟು. ವೀಸಾ ಸ್ಟಾಂಪ್ ಮುಗಿದಿದ್ದರೂ ಐ-94 ಚಾಲ್ತಿಯಲ್ಲಿದ್ದರೆ ಕೆನಡಾ ಅಥವಾ ಮೆಕ್ಸಿಕೋಗೆ 30 ದಿನದೊಳಗೆ ಹೋಗಿ ಮರಳಲು ಆಟೊಮ್ಯಾಟಿಕ್ ರೀವ್ಯಾಲಿಡೇಶನ್ ಎಂಬ ನಿಯಮ ಅವಕಾಶ ಕೊಡುತ್ತದೆ. ಕೆಲವು ದೇಶಗಳ ಪ್ರಜೆಗಳಿಗೆ ಇದು ಇಲ್ಲ. ಇರುವವರೂ ಕೆನಡಾ, ಮೆಕ್ಸಿಕೋದಲ್ಲಿದ್ದಾಗ ಹೊಸ ಸ್ಟಾಂಪಿಗೆ ಅರ್ಜಿ ಹಾಕಿದರೆ ಈ ಸೌಲಭ್ಯ ಕೈತಪ್ಪುತ್ತದೆ. ರಜೆಯ ಜೊತೆಗೇ ಮೂರನೇ ದೇಶದಲ್ಲಿ ಸ್ಟಾಂಪಿಂಗ್ ಮುಗಿಸಿಬಿಡೋಣ ಎಂಬ ಹಳೆಯ ಲೆಕ್ಕವನ್ನೂ ಬಿಡಿ: 2025ರ ಸೆಪ್ಟೆಂಬರ್‌ನಿಂದ ಅರ್ಜಿದಾರರು ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲೇ ಸಂದರ್ಶನಕ್ಕೆ ಹೋಗಬೇಕೆಂದು ಅಮೆರಿಕ ಹೇಳಿದೆ.

ಹೊರಗೆ ಎಷ್ಟು ದಿನ ಇರಬಹುದು ಎಂಬುದಕ್ಕೂ ಮಿತಿಯಿದೆ. ಜರ್ಮನಿಯ ಸಾಮಾನ್ಯ ಪರ್ಮಿಟ್, ಯುಎಇಯ ಸಾಮಾನ್ಯ ವಾಸದ ವೀಸಾ ಎರಡೂ 6 ತಿಂಗಳು ಹೊರಗಿದ್ದರೆ ರದ್ದಾಗಬಹುದು. ಅಮೆರಿಕದ ಗ್ರೀನ್ ಕಾರ್ಡಿನವರು ಒಂದು ವರ್ಷ ದಾಟುವುದಿದ್ದರೆ ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್ಟಿಗೆ ಅರ್ಜಿ ಹಾಕಿರಬೇಕು. ಬ್ರಿಟನ್ನಿನಲ್ಲಿ ಕೆಲಸದ ವೀಸಾದಿಂದ ಕಾಯಂ ವಾಸಕ್ಕೆ ಹೋಗುವವರು ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿರಬಾರದು. ಪ್ರತಿ ಪ್ರವಾಸದ ಹೊರಟ ದಿನ, ಮರಳಿದ ದಿನ, ವಿಮಾನದ ಸಂಖ್ಯೆ ಒಂದು ಹಾಳೆಯಲ್ಲಿ ಬರೆದಿಡುತ್ತ ಹೋಗಿ. ಐದು ವರ್ಷದ ನಂತರ ಅರ್ಜಿ ತುಂಬುವಾಗ ಅದನ್ನು ನೆನಪಿನಿಂದ ಕಟ್ಟುವುದು ಆಗದ ಕೆಲಸ.

ಷೆಂಗೆನ್: 90ರ ಲೆಕ್ಕ

29 ದೇಶಗಳ ಈ ವಲಯಕ್ಕೆ ಒಂದೇ ವೀಸಾ ಸಾಕು ಎಂಬುದು ಎಲ್ಲರಿಗೂ ಗೊತ್ತು. ಬ್ರಿಟನ್, ಐರ್ಲೆಂಡ್ ಇದರ ಹೊರಗಿವೆ ಎಂಬುದನ್ನು ಮಾತ್ರ ಟಿಕೆಟ್ ತೆಗೆಯುವಾಗ ಮರೆಯುತ್ತಾರೆ. ಒಂದೇ ಪ್ರವೇಶದ ವೀಸಾದಲ್ಲಿ ರೋಮ್ ನೋಡಿ, ಲಂಡನ್ನಿಗೆ ಹೋಗಿ, ಮತ್ತೆ ಆಮ್‌ಸ್ಟರ್‌ಡ್ಯಾಮಿಗೆ ಬರಲಾಗದು. ರೋಮ್ ಬಿಟ್ಟ ದಿನವೇ ಆ ವೀಸಾ ಮುಗಿಯಿತು.

ಅರ್ಜಿಯನ್ನು ಪ್ರವಾಸದ 6 ತಿಂಗಳ ಮೊದಲಿನಿಂದ ಹಾಕಬಹುದು, 15 ದಿನಕ್ಕಿಂತ ತಡ ಮಾಡಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45ರವರೆಗೂ ಎಳೆಯುತ್ತದೆ. ಇನ್ನೊಂದು ಅಡಚಣೆ ಅಪಾಯಿಂಟ್‌ಮೆಂಟ್ ಸ್ಲಾಟು. ಬೇಸಿಗೆ ರಜೆಗೆ ಹೋಗುವವರು ನಾಲ್ಕೈದು ತಿಂಗಳ ಮೊದಲೇ ಸ್ಲಾಟ್ ಹುಡುಕುವುದು ಒಳ್ಳೆಯದು. ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶದ ಕಾನ್ಸುಲೇಟಿಗೆ ಅರ್ಜಿ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಸ್ಲಾಟ್ ಸುಲಭವಾಗಿ ಸಿಕ್ಕಿತೆಂದು ಎರಡು ದಿನ ಮಾತ್ರ ಇರುವ ದೇಶಕ್ಕೆ ಅರ್ಜಿ ಹಾಕಿದರೆ ಹೋಟೆಲ್ ಬುಕಿಂಗುಗಳೇ ಗುಟ್ಟು ಬಿಡುತ್ತವೆ. ದೊಡ್ಡವರಿಗೆ ಶುಲ್ಕ 90 ಯೂರೊ. ವಿಮೆ ಕನಿಷ್ಠ 30,000 ಯೂರೊ ಚಿಕಿತ್ಸಾ ವೆಚ್ಚಕ್ಕೆ ಸಾಲಬೇಕು. ಅರ್ಜಿ ಒಳಗಿರುವಷ್ಟು ದಿನ ಪಾಸ್‌ಪೋರ್ಟ್ ಕಾನ್ಸುಲೇಟಿನಲ್ಲೇ ಉಳಿಯುವುದು ಸಾಮಾನ್ಯ, ಆ ನಡುವೆ ಆಫೀಸಿನ ಪ್ರಯಾಣ ಒಪ್ಪಿಕೊಳ್ಳಬೇಡಿ.

ಇನ್ನು 90 ದಿನ. ನಿಯಮವೇನೆಂದರೆ ಯಾವುದೇ 180 ದಿನಗಳಲ್ಲಿ 90ಕ್ಕಿಂತ ಹೆಚ್ಚು ದಿನ ಇರುವಂತಿಲ್ಲ, ಮತ್ತು ಆ 180 ದಿನಗಳ ಕಿಟಕಿ ಪ್ರತಿದಿನವೂ ಸರಿಯುತ್ತಿರುತ್ತದೆ. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ. ಉದಾಹರಣೆಗೆ, ಮಾರ್ಚ್ 1ರಿಂದ 30ರವರೆಗೆ 30 ದಿನ, ಮೇ 1ರಿಂದ ಜೂನ್ 9ರವರೆಗೆ 40 ದಿನ ಇದ್ದಿರಿ ಎನ್ನೋಣ. ಆಗಸ್ಟ್ 1ರಂದು ಮತ್ತೆ ಹೋದರೆ ಕಿಟಕಿ ಫೆಬ್ರವರಿ 3ರಿಂದ ತೆರೆದಿರುತ್ತದೆ, ಹಳೆಯ 70 ದಿನವೂ ಅದರೊಳಗೇ. ಉಳಿದದ್ದು 20 ದಿನ, ಅಂದರೆ ಆಗಸ್ಟ್ 20ಕ್ಕೆ ಹೊರಡಲೇಬೇಕು. ಮಾರ್ಚ್ 1 ಕಿಟಕಿಯಿಂದ ಆಚೆ ಬೀಳುವುದು ಆಗಸ್ಟ್ 28ಕ್ಕೆ. ಅಲ್ಲಿಂದ ದಿನಕ್ಕೊಂದು ದಿನ ಬಿಡುಗಡೆಯಾಗುತ್ತ ಹೋಗುತ್ತದೆ. 'ಒಮ್ಮೆ ಹೊರಗೆ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರು' ಎಂಬುದು ಬರಿಯ ತಪ್ಪು ನಂಬಿಕೆ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಇಇಎಸ್ (ಎಂಟ್ರಿ/ಎಕ್ಸಿಟ್ ಸಿಸ್ಟಂ) ವ್ಯವಸ್ಥೆಯಲ್ಲಿ ಮುದ್ರೆಯ ಬದಲು ಯಂತ್ರವೇ ಈ ದಿನಗಳನ್ನು ಎಣಿಸುತ್ತದೆ, ಮಸುಕಾದ ಮುದ್ರೆಯ ನೆಪ ಇನ್ನು ನಡೆಯದು.

ಷೆಂಗೆನ್ ದೇಶವೊಂದರ ರೆಸಿಡೆನ್ಸ್ ಪರ್ಮಿಟ್ ಇರುವವರಿಗೆ ಉಳಿದ 28 ದೇಶಗಳಿಗೆ ವೀಸಾ ಬೇಡ, ಆದರೆ ಅಲ್ಲೂ ಇದೇ 90ರ ಮಿತಿ. ತಾವು ವಾಸಿಸುವ ದೇಶದ ದಿನಗಳು ಇದರಲ್ಲಿ ಸೇರುವುದಿಲ್ಲ.

ನಡುವಿನ ನಿಲ್ದಾಣ

ನಿಮ್ಮನ್ನು ತಡೆಯುವವರು ಬಹುಪಾಲು ಗಡಿ ಅಧಿಕಾರಿಗಳಲ್ಲ, ಚೆಕ್-ಇನ್ ಕೌಂಟರಿನವರು. ಕಾಗದ ಸರಿಯಿಲ್ಲದವರನ್ನು ಹೊತ್ತು ತಂದ ವಿಮಾನ ಸಂಸ್ಥೆಗೆ ದಂಡ ಬೀಳುತ್ತದೆ, ವಾಪಸು ಒಯ್ಯುವ ಖರ್ಚೂ ಅದರದ್ದೇ. ಹಾಗಾಗಿ ಅವರು ಟಿಮ್ಯಾಟಿಕ್ ಎಂಬ ದತ್ತಾಂಶದಲ್ಲಿ ಏನಿದೆಯೋ ಅದನ್ನೇ ನಂಬುತ್ತಾರೆ. ಅನೇಕ ವಿಮಾನ ಸಂಸ್ಥೆಗಳ ತಾಣದಲ್ಲಿ ಅದೇ ಮಾಹಿತಿಯನ್ನು ನೀವೂ ನೋಡಬಹುದು. ಪೌರತ್ವದ ಜೊತೆಗೆ ವಾಸದ ದೇಶವನ್ನೂ, ದಾರಿಯ ಪ್ರತಿ ನಿಲ್ದಾಣವನ್ನೂ ತುಂಬಿ ನೋಡಿ.

ಅಮೆರಿಕದ ಮೂಲಕ ಹಾದುಹೋಗುವುದಿದ್ದರೆ, ಮುಂದಿನ ವಿಮಾನ ಎರಡು ಗಂಟೆಯಲ್ಲೇ ಇದ್ದರೂ ಇಮಿಗ್ರೇಶನ್ ದಾಟಲೇಬೇಕು, ವೀಸಾ ಬೇಕು. ಷೆಂಗೆನ್‌ನಲ್ಲಿ ಒಂದೇ ನಿಲ್ದಾಣದ ಅಂತರರಾಷ್ಟ್ರೀಯ ವಲಯದಲ್ಲಿ ವಿಮಾನ ಬದಲಿಸುವುದು ಒಂದು, ಫ್ರಾಂಕ್‌ಫರ್ಟಿನಲ್ಲಿ ಇಳಿದು ಮ್ಯಾಡ್ರಿಡ್ಡಿಗೆ ಹೋಗಿ ಅಲ್ಲಿಂದ ಹೊರಗೆ ಹಾರುವುದು ಇನ್ನೊಂದು. ಎರಡನೆಯದರಲ್ಲಿ ನೀವು ಷೆಂಗೆನ್ ಒಳಗೆ ಬಂದಂತೆಯೇ, ಟ್ರಾನ್ಸಿಟ್ ವೀಸಾ ಸಾಲದು.

ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿದರೆ ಲಗೇಜನ್ನು ನಡುವೆ ಎತ್ತಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು, ಅದಕ್ಕೆ ಆ ದೇಶದ ಒಳಗೆ ಹೋಗುವ ಅನುಮತಿ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್ಟೂ ನಿಮ್ಮ ಜೇಬಿನಿಂದಲೇ. ಉಳಿತಾಯ ದೊಡ್ಡದಿಲ್ಲದಿದ್ದರೆ ಒಂದೇ ಬುಕಿಂಗ್ ಲೇಸು.

ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಕೆಳಗಿನ ಎರಡು ಯಂತ್ರ ಸಾಲುಗಳಲ್ಲಿ ಹೇಗಿದೆಯೋ ಹಾಗಿರಲಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗಿರುತ್ತದೆ, ಅದು ಹೆಸರಲ್ಲ, ಮೊದಲ ಹೆಸರು ಇಲ್ಲ ಎಂಬ ಸೂಚನೆ. ಇಂಥವರು ಆನ್‌ಲೈನಿನಲ್ಲಿ ಊಹಿಸಿ ತುಂಬದೆ ವಿಮಾನ ಸಂಸ್ಥೆಯನ್ನು ಕೇಳಿ ತುಂಬಿ. ಬ್ರಿಟನ್ನಿನ ಇ-ವೀಸಾದವರು ಹೊಸ ಪಾಸ್‌ಪೋರ್ಟ್ ಬಂದ ಕೂಡಲೇ ಅದನ್ನು ಯುಕೆವಿಐ (ಬ್ರಿಟನ್ನಿನ ವೀಸಾ ಇಲಾಖೆ) ಖಾತೆಗೆ ಜೋಡಿಸಿ, ಇಲ್ಲದಿದ್ದರೆ ಕೌಂಟರಿನ ಯಂತ್ರಕ್ಕೆ ನಿಮ್ಮ ಪರವಾನಗಿ ಕಾಣದೆ ಹೋಗಬಹುದು.

ಮಕ್ಕಳು, ಮಾತ್ರೆ, ವಿಮೆ

ಪರದೇಶದಲ್ಲೇ ಹುಟ್ಟಿದ ಮಗುವಿಗೆ ಆ ದೇಶದ ಪೌರತ್ವ ತಾನಾಗಿ ಬರುವುದು ಕೆಲವೇ ಕಡೆ. ಉಳಿದೆಡೆ ಮಗುವಿನ ಪಾಸ್‌ಪೋರ್ಟ್, ಮಗುವಿನದೇ ಪರ್ಮಿಟ್ ಎರಡೂ ಆಗದೆ ಗಡಿ ದಾಟಬೇಡಿ; ಹೋಗುವುದು ಸಲೀಸು, ಮಗುವನ್ನು ಮರಳಿ ತರುವುದು ಕಷ್ಟ. ತಂದೆ ತಾಯಿಯರಲ್ಲಿ ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ, ಜನನ ಪ್ರಮಾಣಪತ್ರದ ಪ್ರತಿಯೊಡನೆ ಕೈಚೀಲದಲ್ಲಿಡಿ.

ಔಷಧಿಯನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಡನೆ ಒಯ್ಯಿರಿ. ವಾಸದ ದೇಶದಲ್ಲಿ ಅಂಗಡಿಯಲ್ಲೇ ಸಿಗುವ ಮಾತ್ರೆ ಬೇರೆಡೆ ನಿಷಿದ್ಧವಾಗಿರಬಹುದು. ಜಪಾನಿನಲ್ಲಿ ಸ್ಯೂಡೊಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆ ತರುವಂತಿಲ್ಲ, ಆಂಫೆಟಮೈನ್ ಇರುವ ಎಡಿಎಚ್‌ಡಿ ಮಾತ್ರೆಗೆ ವೈದ್ಯರ ಚೀಟಿಯಿದ್ದರೂ ಪ್ರವೇಶವಿಲ್ಲ. ಯುಎಇಯಲ್ಲಿ ಕೋಡೀನ್, ಟ್ರಮಡಾಲ್‌ಗೆ ಮುಂಚಿತ ಅನುಮತಿ ಬೇಕು. ಹಳದಿ ಜ್ವರದ ಲಸಿಕೆ ಕೇಳುವ ದೇಶಕ್ಕೆ ಹೋಗುವುದಾದರೆ ಪ್ರಮಾಣಪತ್ರ ಚುಚ್ಚುಮದ್ದಿನ 10 ದಿನಗಳ ನಂತರವಷ್ಟೇ ಊರ್ಜಿತ, ಆಮೇಲೆ ಜೀವನಪೂರ್ತಿ.

ವಿಮೆಯಲ್ಲಿ ಓದಬೇಕಾದ ಸಾಲು 'ಸ್ವದೇಶ' ಎಂಬುದರ ವ್ಯಾಖ್ಯೆ. ಗಂಭೀರ ಕಾಯಿಲೆಯಾದರೆ ನಿಮ್ಮನ್ನು ಯಾವ ದೇಶಕ್ಕೆ ಒಯ್ಯುತ್ತಾರೆ, ಪಾಸ್‌ಪೋರ್ಟಿನ ದೇಶಕ್ಕೋ ಮನೆಯಿರುವ ದೇಶಕ್ಕೋ? ಚಿಕಿತ್ಸೆ ನಡೆಯುತ್ತಿರುವುದು, ಕುಟುಂಬ ಇರುವುದು ಎಲ್ಲಿ ಎಂದು ನೋಡಿ ಪಾಲಿಸಿ ಆರಿಸಿ, ಹೊರಡುವ ಮೊದಲೇ ಕೊಳ್ಳಿ.

ಹಣ, ಕಾರು, ಲಗೇಜು

ಬ್ಯಾಂಕಿನ ಒಟಿಪಿ ಬರುವುದು ವಾಸದ ದೇಶದ ಸಿಮ್ಮಿಗೆ. ಪ್ರಿಪೇಯ್ಡ್ ಸಿಮ್ಮಿಗೆ ರೋಮಿಂಗ್ ಇದೆಯೇ ಎಂದು ಮನೆಯಲ್ಲಿರುವಾಗಲೇ ನೋಡಿ. ಕಾರ್ಡ್ ಉಜ್ಜುವಾಗ ಯಂತ್ರ 'ನಿಮ್ಮ ಕರೆನ್ಸಿಯಲ್ಲೋ ಇಲ್ಲಿನದ್ದರಲ್ಲೋ' ಎಂದು ಕೇಳಿದರೆ ಯಾವಾಗಲೂ ಇಲ್ಲಿನದ್ದೇ ಎನ್ನಿ. ಇನ್ನೊಂದರಲ್ಲಿ ವಿನಿಮಯ ದರ ಅಂಗಡಿಯವರ ಕಡೆಯದು.

ಕಾರು ಬಾಡಿಗೆಗೆ ಬೇಕಾದ ಅಂತರರಾಷ್ಟ್ರೀಯ ಪರವಾನಗಿಯನ್ನು, ಮೂಲ ಲೈಸೆನ್ಸ್ ಕೊಟ್ಟ ದೇಶದಲ್ಲೇ ಮಾಡಿಸಬೇಕು. ಇದರಲ್ಲಿ 1949ರ ಜಿನೀವಾ, 1968ರ ವಿಯೆನ್ನಾ ಒಪ್ಪಂದಗಳ ಎರಡು ಬಗೆ ಚಾಲ್ತಿಯಲ್ಲಿವೆ. ಜಪಾನ್ 1949ರದ್ದನ್ನು ಮಾತ್ರ ಒಪ್ಪುತ್ತದೆ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಎಂಎಎಚ್ ಅನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ: 20,000ದ್ದು 74 ಆಗುತ್ತದೆ, ತೊಂದರೆಯಿಲ್ಲ. ಲಗೇಜು ಬರದಿದ್ದರೆ ನಿಲ್ದಾಣ ಬಿಡುವ ಮೊದಲೇ ಪಿಐಆರ್ (ಲಗೇಜಿನ ತೊಂದರೆಯ ವರದಿ) ಬರೆಸಿ, ಅದರ ಸಂಖ್ಯೆ ಪಡೆಯಿರಿ. ಮಾಂಟ್ರಿಯಲ್ ಒಪ್ಪಂದದಂತೆ ಹಾನಿಯಾದ ಪೆಟ್ಟಿಗೆಗೆ ಕೈಸೇರಿದ 7 ದಿನದಲ್ಲಿ, ತಡವಾಗಿ ಬಂದದ್ದಕ್ಕೆ ಕೈಸೇರಿದ 21 ದಿನದಲ್ಲಿ ಲಿಖಿತ ದೂರು ಕೊಡಬೇಕು. ಅಷ್ಟರಲ್ಲಿ ನೀವು ಮನೆಗೆ ಮರಳಿರುತ್ತೀರಿ, ಆದ್ದರಿಂದ ಪಿಐಆರ್‌ನಲ್ಲಿ ಹೋಟೆಲಿನದ್ದರ ಜೊತೆಗೆ ಮನೆಯ ವಿಳಾಸವನ್ನೂ, ಹೋಟೆಲ್ ಬಿಡುವ ದಿನವನ್ನೂ ಬರೆಸಿ.

ಮುಚ್ಚಿದ ಮನೆಯಲ್ಲಿ

ನೀರಿನ ಮುಖ್ಯ ವಾಲ್ವ್ ತಿರುಗಿಸಿ. ಚಳಿದೇಶದಲ್ಲಿ ಹೀಟಿಂಗ್ ಪೂರ್ತಿ ಆರಿಸದೆ 12-13 ಡಿಗ್ರಿಗೆ ಇಳಿಸಿ, ಇಲ್ಲದಿದ್ದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆಯುತ್ತದೆ. ಮನೆ ವಿಮೆ ಖಾಲಿ ಮನೆಗೆ ಎಷ್ಟು ದಿನ ಅನ್ವಯಿಸುತ್ತದೆ ಎಂಬುದು ಪಾಲಿಸಿಯಲ್ಲಿದೆ. ಅಂಚೆ ಡಬ್ಬಿಯನ್ನು ನಂಬಿಗಸ್ತರು ವಾರಕ್ಕೊಮ್ಮೆ ತೆರೆದು, ವಿದೇಶಿಗರ ಕಚೇರಿಯಿಂದ ಬಂದ ಲಕೋಟೆಗಳನ್ನು ಫೋಟೊ ತೆಗೆದು ಕಳಿಸುವಂತೆ ಏರ್ಪಾಡು ಮಾಡಿ. ಅಂಥ ಪತ್ರಗಳಲ್ಲಿ ಉತ್ತರಕ್ಕೆ ಕೊಟ್ಟ ಗಡುವು ನಿಮ್ಮ ರಜೆಗೆ ಕಾಯುವುದಿಲ್ಲ.