ಇಂಗ್ಲೆಂಡಿನಲ್ಲಿ ಗಾಲ್ಫ್ ಕ್ಲಬ್ ಸೇರುವ ಮುನ್ನ: ಹೊಸದಾಗಿ ಬಂದ ಕನ್ನಡಿಗರಿಗೆ

ಇಂಗ್ಲೆಂಡಿಗೆ ಬಂದು ಒಂದೆರಡು ವರ್ಷ ಕಳೆದು, ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲವೂ ಒಂದು ಹದಕ್ಕೆ ಬಂದ ಮೇಲೆ ಗಾಲ್ಫ್ ಕಲಿಯಬೇಕೆಂಬ ಆಸೆ ನಮ್ಮವರಲ್ಲಿ ಅನೇಕರಿಗೆ ಹುಟ್ಟುತ್ತದೆ. ಅದು ಹುಟ್ಟುವುದು ಬಹುಮಟ್ಟಿಗೆ ಮೇ ತಿಂಗಳಿನಲ್ಲಿಯೇ. ಬಿಸಿಲು ಬಿದ್ದಿರುತ್ತದೆ, ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ, ಆಫೀಸಿನಲ್ಲೋ ಆಸ್ಪತ್ರೆಯಲ್ಲೋ ಜೊತೆಯವರು ಸೋಮವಾರ ಬೆಳಿಗ್ಗೆ ತಮ್ಮ ರೌಂಡಿನ ವಿಚಾರ ಮಾತಾಡುತ್ತಿರುತ್ತಾರೆ. ಬೆಂಗಳೂರಿನಿಂದ ಬಂದವರಿಗೆ ಇನ್ನೊಂದು ಕಾರಣವೂ ಉಂಟು. ಬೆಂಗಳೂರು ಗಾಲ್ಫ್ ಕ್ಲಬ್ 1876ರಿಂದ ಊರಿನ ನಡುವೆಯೇ ಇದ್ದರೂ ನಮ್ಮಲ್ಲಿ ಹೆಚ್ಚಿನವರು ಅದನ್ನು ಬಸ್ಸಿನ ಕಿಟಕಿಯಿಂದ, ಬೇಲಿಯಾಚೆಗಿನ ಹಸಿರಾಗಿ ಮಾತ್ರ ಕಂಡವರು. ಒಳಗೆ ಹೋಗಬಹುದೇ ಎಂಬ ಪ್ರಶ್ನೆಯನ್ನು ಮನಸ್ಸಿಗೆ ತಂದುಕೊಂಡವರೂ ಅಲ್ಲ. ಇಲ್ಲಿ ಅದೇ ಆಟ ಸಂಬಳದವನ ಕೈಗೂ ಎಟುಕುತ್ತದೆ ಎಂದು ತಿಳಿದಾಗ ಆತುರವಾಗುವುದು ಸಹಜ. ಹಣ ಹೋಗುವುದು ಆ ಆತುರದಲ್ಲಿಯೇ.

ಮೊದಲ ವರ್ಷ ಯಾವ ಕ್ಲಬ್ಬಿಗೂ ಸೇರಬೇಡಿ ಎಂಬುದು ನನ್ನ ಸಲಹೆ. ಗಾಲ್ಫ್ ಆಡಬೇಕಾದರೆ ಸದಸ್ಯರಾಗಿರಬೇಕು, ಇಲ್ಲವೇ ಸದಸ್ಯರೊಬ್ಬರ ಕೃಪೆಯಿಂದ ಅತಿಥಿಯಾಗಿ ಹೋಗಬೇಕು ಎಂಬ ಭಾವನೆಯನ್ನು ನಾವು ಊರಿನಿಂದಲೇ ಹೊತ್ತು ತಂದಿರುತ್ತೇವೆ. ಇಲ್ಲಿಯಾದರೋ ಆ ದಿನದ ಶುಲ್ಕ ಕೊಟ್ಟು ಆಡಬಹುದಾದ ಮೈದಾನಗಳು, ಒಂಬತ್ತು ಹೋಲಿನ (ಚೆಂಡು ಬೀಳಿಸುವ ಕುಳಿಗಳ) ಚಿಕ್ಕವೂ ಸೇರಿದಂತೆ, ಬಹಳಷ್ಟು ಊರುಗಳ ಹತ್ತಿರ ಇವೆ. ಆಟದ ತವರೆನಿಸಿಕೊಂಡ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿಯೇ ಪ್ರಸಿದ್ಧವಾದ ಓಲ್ಡ್ ಕೋರ್ಸ್ ಯಾವ ಖಾಸಗಿ ಕ್ಲಬ್ಬಿನ ಸ್ವತ್ತೂ ಅಲ್ಲ, ಸಾರ್ವಜನಿಕರದು. ಅದೇ ಊರಿನಲ್ಲಿ ಮಕ್ಕಳಿಗೂ ಹೊಸಬರಿಗೂ ಒಪ್ಪುವ ಬಾಲ್ಗೋವ್ ಎಂಬ ಒಂಬತ್ತು ಹೋಲಿನ ಮೈದಾನವೂ ಇದೆ. ಆದ್ದರಿಂದ ಹತ್ತಿರದ ಡ್ರೈವಿಂಗ್ ರೇಂಜಿಗೆ (ಚೆಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ) ಹೋಗಿ, ಪಿಜಿಎ (ವೃತ್ತಿಪರ ಗಾಲ್ಫ್ ಆಟಗಾರರ ಸಂಘ) ಅರ್ಹತೆಯುಳ್ಳ ಪ್ರೊ ಒಬ್ಬರಲ್ಲಿ ಕೆಲವು ಪಾಠಗಳನ್ನು ಹೇಳಿಸಿಕೊಳ್ಳಿ, ಯೂಟ್ಯೂಬನ್ನು ಗುರುವಾಗಿಸಿಕೊಳ್ಳಬೇಡಿ. ಬ್ಯಾಗಿನಲ್ಲಿ ಚೆಂಡು ಹೊಡೆಯುವ ಕೋಲುಗಳು ಹದಿನಾಲ್ಕರವರೆಗೆ ಇರಬಹುದೆಂದು ನಿಯಮ ಹೇಳುತ್ತದೆಯೇ ಹೊರತು ಹದಿನಾಲ್ಕೂ ಇರಬೇಕೆಂದು ಹೇಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಅರ್ಧ ಸೆಟ್ಟು ಸಾಕು. ಬ್ಯಾಗನ್ನು ಹೊರುವವರೂ ನೀವೇ, ಏಕೆಂದರೆ ಸಾಮಾನ್ಯ ಕ್ಲಬ್ಬುಗಳಲ್ಲಿ ಕ್ಯಾಡಿ ಎಂಬ ವ್ಯವಸ್ಥೆಯೇ ಇಲ್ಲ.

ಇನ್ನು ಆಯ್ಕೆಯ ವಿಷಯ. ನೋಡಬೇಕಾದ ಮೊದಲ ವಸ್ತು ಕ್ಲಬ್‌ಹೌಸ್ ಅಲ್ಲ, ಮಣ್ಣು. ಇದನ್ನು ನನಗೆ ಯಾರೂ ಹೇಳಲಿಲ್ಲ ಎಂದರೆ ಸುಳ್ಳಾಗುತ್ತದೆ; ಪಾಠ ಹೇಳುತ್ತಿದ್ದ ಪ್ರೊ ಸೂಚ್ಯವಾಗಿ ಹೇಳಿದ್ದರು, ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಓಕ್ ಮರಗಳ ಸಾಲು, ಕೆರೆ, ಇಟ್ಟಿಗೆಯ ಹಳೆಯ ಬಂಗಲೆ, ಗೋಡೆಯ ಮೇಲೆ ಕ್ಯಾಪ್ಟನ್ನರ ಹೆಸರುಗಳನ್ನು ಚಿನ್ನದ ಅಕ್ಷರದಲ್ಲಿ ಬರೆದ ಫಲಕ, ಇವನ್ನೆಲ್ಲ ಬೇಸಿಗೆಯ ಸಂಜೆಯ ಬೆಳಕಿನಲ್ಲಿ ನೋಡಿ ಅಲ್ಲಿಯೇ ವರ್ಷದ ಒಪ್ಪಂದಕ್ಕೆ ಸಹಿ ಹಾಕಿದೆ. ಆ ಮೈದಾನ ಇದ್ದದ್ದು ಅಪ್ಪಟ ಜೇಡಿಮಣ್ಣಿನ ಮೇಲೆ. ನವೆಂಬರಿನ ಮಳೆ ಶುರುವಾದದ್ದೇ ತಡ, ಎರೆಹೊಲದಲ್ಲಿ ಮಳೆಗಾಲ ನಡೆದವರಿಗೆ ಗೊತ್ತಿರುವಂತೆ ಹೆಜ್ಜೆಹೆಜ್ಜೆಗೂ ಬೂಟಿನ ಅಡಿಗೆ ಇನ್ನೊಂದು ಅಟ್ಟೆ ಅಂಟಿಕೊಳ್ಳತೊಡಗಿತು. ಮೊದಲು ಟ್ರಾಲಿ ನಿಷೇಧವಾಯಿತು. ಬಳಿಕ ತಾತ್ಕಾಲಿಕ ಗ್ರೀನುಗಳು ಬಂದವು, ಅಂದರೆ ನಿಜವಾದ ಗ್ರೀನಿಗೆ (ಕುಳಿಯ ಸುತ್ತಲಿನ ನುಣುಪಾದ ಹುಲ್ಲಿಗೆ) ಹಗ್ಗ ಕಟ್ಟಿ, ಅದರ ಮುಂದಿನ ಹುಲ್ಲನ್ನು ಒಂದು ಚಾಪೆಯಗಲ ಕತ್ತರಿಸಿ, ನಡುವೆ ಒಂದು ಕುಳಿ ತೋಡಿ, ಇದರಲ್ಲಿ ಆಡಿ ಎನ್ನುವುದು. ಫೇರ್‌ವೇಯ (ಗ್ರೀನಿನ ತನಕದ ಕತ್ತರಿಸಿದ ಹಾದಿಯ) ಹುಲ್ಲು ಕೀಳಬಾರದೆಂದು ಪ್ರತಿಯೊಬ್ಬರೂ ಬ್ಯಾಗಿಗೆ ದಾರದಿಂದ ಕಟ್ಟಿಕೊಂಡ ಅಂಗೈಯಗಲದ ಪ್ಲಾಸ್ಟಿಕ್ ಹುಲ್ಲಿನ ತುಂಡನ್ನು ನೆಲಕ್ಕೆ ಹಾಸಿ, ಅದರ ಮೇಲೆ ಚೆಂಡಿಟ್ಟು, ಹೊಡೆದ ಮೇಲೆ ಆ ತುಂಡನ್ನು ಹುಡುಕಿ ತಂದು ಮತ್ತೆ ಕಟ್ಟಿಕೊಳ್ಳಬೇಕಾಯಿತು. ಜನವರಿಯಲ್ಲಿ ಮೈದಾನವನ್ನೇ ಮುಚ್ಚಿದರು. ಡೈರೆಕ್ಟ್ ಡೆಬಿಟ್ ಮಾತ್ರ ಪ್ರತಿ ತಿಂಗಳೂ ನಿಷ್ಠೆಯಿಂದ ಹೋಗುತ್ತಿತ್ತು. ಕ್ಲಬ್ಬಿನವರು ನನಗೆ ಮೋಸ ಮಾಡಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಸರ್ರೆ, ಬರ್ಕ್‌ಶರ್‌ ಕಡೆಯ ಹೀತ್‌ಲ್ಯಾಂಡ್ (ಕುರುಚಲು ಗಿಡಗಳ ಬಯಲಿನ) ಮೈದಾನಗಳೂ ಸಮುದ್ರತೀರದ ಲಿಂಕ್ಸ್ ಮೈದಾನಗಳೂ ಮರಳುನೆಲದವಾದ್ದರಿಂದ ಎಷ್ಟು ಮಳೆ ಸುರಿದರೂ ನೀರು ಇಳಿದುಹೋಗುತ್ತದೆ, ಚಳಿಗಾಲವಿಡೀ ಆಡಬಹುದು. ಆದರೆ ಅವುಗಳಲ್ಲಿ ಹೆಸರಾಂತವು ದುಬಾರಿ, ಹೊಸಬರಿಗೆ ಸುಲಭವಾಗಿ ತೆರೆಯುವುದೂ ಇಲ್ಲ. ಲಂಡನ್ ಸುತ್ತಲೂ ಮಿಡ್‌ಲ್ಯಾಂಡ್ಸ್‌ನಲ್ಲಿಯೂ ಜೇಡಿಮಣ್ಣೇ ಬಹಳ. ಆದ್ದರಿಂದ ಮೈದಾನ ನೋಡಲು ಫೆಬ್ರವರಿಯಲ್ಲಿ ಹೋಗಿ. ಕಾಲಿಟ್ಟ ಗುರುತಿನಲ್ಲಿ ನೀರು ನಿಲ್ಲುತ್ತದೆಯೇ ನೋಡಿ. ಕಳೆದ ಚಳಿಗಾಲದಲ್ಲಿ ಎಷ್ಟು ದಿನ ಮುಚ್ಚಿದ್ದಿರಿ, ತಾತ್ಕಾಲಿಕ ಗ್ರೀನ್ ಎಷ್ಟು ವಾರ ಇತ್ತು ಎಂದು ನೇರವಾಗಿ ಕೇಳಿ. ಹೀಗೆ ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ನಮ್ಮ ಸಂಕೋಚ ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಮಣ್ಣಿನ ನಂತರ ಜನ; ನಿಜ ಹೇಳಬೇಕೆಂದರೆ ಇದೇ ಮುಖ್ಯ. ಸದಸ್ಯತ್ವದ ಹಣದಿಂದ ನಿಮಗೆ ದೊರೆಯುವುದು ಮೈದಾನಕ್ಕಿಂತ ಹೆಚ್ಚಾಗಿ ಮೂರು ಜನರ ಜೊತೆ ಕಳೆಯುವ ನಾಲ್ಕು ಗಂಟೆ. ಹಳೆಯ ಕ್ಲಬ್ಬುಗಳಲ್ಲಿ ಶನಿವಾರ ಬೆಳಗಿನ ನಾಲ್ವರ ಗುಂಪುಗಳು ಇಪ್ಪತ್ತು ಮೂವತ್ತು ವರ್ಷಗಳಿಂದ ಹಾಗೆಯೇ ನಡೆದುಬಂದಿರುತ್ತವೆ, ಒಬ್ಬರು ತೀರಿಕೊಂಡರೆ ಮಾತ್ರ ಒಂದು ಜಾಗ ಖಾಲಿಯಾಗುತ್ತದೆ. ಯಾರೂ ಒರಟಾಗಿ ಮಾತಾಡುವುದಿಲ್ಲ, ಎಲ್ಲರೂ ನಗುತ್ತಾರೆ, ಹವಾಮಾನದ ಬಗ್ಗೆ ಎರಡು ಮಾತಾಡುತ್ತಾರೆ, ಆಮೇಲೆ ತಮ್ಮ ಗುಂಪಿನೊಂದಿಗೆ ಹೊರಟುಹೋಗುತ್ತಾರೆ. ನೀವು ಒಬ್ಬರೇ ಪ್ರಾಕ್ಟೀಸ್ ಗ್ರೀನಿನಲ್ಲಿ ಪಟ್ ಮಾಡುತ್ತಾ ನಿಂತಿರುತ್ತೀರಿ. ಯಾರಾದರೂ ಬನ್ನಿ ಎಂದು ಕರೆಯಲಿ ಎಂದು ಕಾಯುವುದು ನಮ್ಮ ರೂಢಿ, ಕರೆಯದೆ ಹೋಗುವುದು ನಮಗೆ ಅವಮಾನ. ಇಲ್ಲಿ ಕೇಳದಿರುವವರಿಗೆ ಏಕಾಂತ ಇಷ್ಟವಿರಬೇಕೆಂದು ತಿಳಿದು ಮರ್ಯಾದೆಯಿಂದಲೇ ದೂರ ಇರುತ್ತಾರೆ. ಈ ಎರಡು ಸೌಜನ್ಯಗಳ ನಡುವೆ ನನ್ನ ಒಂದು ಇಡೀ ಬೇಸಿಗೆ ಕಳೆದುಹೋಯಿತು.

ಇದಕ್ಕೆ ಪರಿಹಾರ ರೋಲ್-ಅಪ್. ವಾರದ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಯಾರು ಬೇಕಾದರೂ ಬಂದು ಹೆಸರು ಕೊಡಬಹುದು. ಚೀಟಿ ಎತ್ತಿಯೋ, ಎಲ್ಲರ ಚೆಂಡುಗಳನ್ನು ಒಟ್ಟಿಗೆ ಎಸೆದು ಹತ್ತಿರ ಬಿದ್ದವನ್ನು ಸೇರಿಸಿಯೋ ಗುಂಪು ಮಾಡುತ್ತಾರೆ. ತಲಾ ಒಂದೆರಡು ಪೌಂಡ್ ಹಾಕುತ್ತಾರೆ, ಗೆದ್ದವರು ಅದನ್ನು ಬಾರಿನಲ್ಲಿ ಖರ್ಚು ಮಾಡುತ್ತಾರೆ. ನೀವು ವಿಚಾರಿಸುವ ಕ್ಲಬ್ಬಿನಲ್ಲಿ ರೋಲ್-ಅಪ್ ಇದೆಯೇ, ಅದರಲ್ಲಿ ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕೆ, ಆಟ ಕಚ್ಚಾ ಇದ್ದಷ್ಟೂ ದೊಡ್ಡದು) ಹೆಚ್ಚಿರುವವರಿಗೆ ಪ್ರವೇಶವಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕದಿದ್ದರೆ ಮೈದಾನ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ಕೆಟ್ಟದಾಗಿ ಆಡುವುದಕ್ಕೆ ಹೆದರಬೇಕಾಗಿಲ್ಲ. ಹೆಚ್ಚಿನ ರೋಲ್-ಅಪ್‌ಗಳು ಸ್ಟೇಬಲ್‌ಫರ್ಡ್ ಪದ್ಧತಿಯಲ್ಲಿ ನಡೆಯುತ್ತವೆ, ವಾಲಸಿಯ ಡಾ. ಫ್ರಾಂಕ್ ಸ್ಟೇಬಲ್‌ಫರ್ಡ್ ರೂಪಿಸಿ 1932ರಲ್ಲಿ ಅಲ್ಲಿನ ಕ್ಲಬ್ಬಿನಲ್ಲಿ ಆಡಿಸಿದ, ಹೋಲಿಗಿಷ್ಟು ಪಾಯಿಂಟ್ ಎಂದು ಕೊಡುವ ಈ ಲೆಕ್ಕದಲ್ಲಿ ಒಂದು ಹೋಲ್ ಕೈಕೊಟ್ಟರೆ ಅದಕ್ಕೆ ಸೊನ್ನೆ ಹಾಕಿಕೊಂಡು ಚೆಂಡೆತ್ತಿ ಮುಂದೆ ನಡೆಯಬಹುದು. ಇಲ್ಲಿನವರು ಕೆಟ್ಟ ಆಟವನ್ನು ಸಹಿಸುತ್ತಾರೆ, ನಿಧಾನವಾದ ಆಟವನ್ನು ಸಹಿಸುವುದಿಲ್ಲ. ಚೆಂಡು ಹುಡುಕಲು 2019ರಿಂದ ನಿಯಮ ಕೊಡುವ ಕಾಲ ಮೂರೇ ನಿಮಿಷ. ಮೂರು ಪೌಂಡಿನ ಚೆಂಡು ಎಂದು ಮುಳ್ಳುಪೊದೆಯೊಳಗೆ ನುಗ್ಗಿ, ಹಿಂದೆ ಎರಡು ಗುಂಪುಗಳನ್ನು ನಿಲ್ಲಿಸಿ, ಕೊನೆಗೆ ಬೇರೆಯವರ ಚೆಂಡು ಹಿಡಿದು ಗೆಲುವಿನ ನಗೆ ಬೀರುತ್ತಾ ಹೊರಬರುವ ನಮ್ಮವರನ್ನು ನಾನು ನೋಡಿದ್ದೇನೆ.

ನಾಲ್ವರು ಕನ್ನಡಿಗರು ಒಟ್ಟಿಗೆ ಸೇರಿದರೆ ಈ ತೊಂದರೆಯೇ ಇಲ್ಲವಲ್ಲ ಎಂದು ಕೇಳಬಹುದು. ಇಲ್ಲ, ನಿಜ. ಬ್ಯಾಗಿನಲ್ಲಿ ಚಕ್ಕುಲಿ ಇರುತ್ತದೆ, ಮೈದಾನದುದ್ದಕ್ಕೂ ಮಾತು ತಮಾಷೆ ಇರುತ್ತದೆ, ವಾರದ ಆಯಾಸ ಇಳಿಯುತ್ತದೆ. ಅದನ್ನು ಬೇಡವೆನ್ನುವಷ್ಟು ಗಟ್ಟಿ ಮನಸ್ಸು ನನಗೂ ಇಲ್ಲ. ಆದರೆ ಐದು ವರ್ಷ ಕಳೆದರೂ ಕ್ಲಬ್ಬಿನಲ್ಲಿ ನಿಮ್ಮನ್ನು ಹೆಸರಿನಿಂದ ಬಲ್ಲವರು ಆ ಮೂವರೇ ಆಗಿರುತ್ತಾರೆ. ಒಂದು ವಾರ ನಮ್ಮವರೊಂದಿಗೆ, ಮರುವಾರ ರೋಲ್-ಅಪ್‌ನಲ್ಲಿ ಎಂದು ಹಂಚಿಕೊಂಡರೆ ಎರಡೂ ಉಳಿಯುತ್ತವೆ.

ಹಣದ ಲೆಕ್ಕ. ವಾರವಿಡೀ ಆಡಬಹುದಾದ ಪೂರ್ಣ ಸದಸ್ಯತ್ವ ಸಾಧಾರಣ ಕ್ಲಬ್ಬಿನಲ್ಲಿಯೂ ವರ್ಷಕ್ಕೆ ಸಾವಿರ ಪೌಂಡಿನ ಆಸುಪಾಸಿನಿಂದ ಶುರುವಾಗುತ್ತದೆ, ಎರಡು ಸಾವಿರ ದಾಟುವುದೂ ಉಂಟು. ನಿಮ್ಮ ಕ್ಲಬ್ಬು 1500 ಪೌಂಡ್ ಕೇಳುತ್ತದೆ, ನೀವು ವರ್ಷಕ್ಕೆ ಹದಿನೈದು ಸಲ ಆಡುತ್ತೀರಿ ಎಂದಿಟ್ಟುಕೊಳ್ಳಿ. ಒಂದು ರೌಂಡಿಗೆ ನೂರು ಪೌಂಡಾಯಿತು. ಅದೇ ಹಣದಲ್ಲಿ ದಿನದ ಶುಲ್ಕ ಕೊಟ್ಟು ಆಡುವ ಮೈದಾನದಲ್ಲಿ ಮೂರು ನಾಲ್ಕು ರೌಂಡುಗಳಾಗುತ್ತಿದ್ದವು. ಮಕ್ಕಳು ಚಿಕ್ಕವರಿರುವ ತಂದೆತಾಯಿಯರಿಗೆ ಪಾಯಿಂಟ್ ಲೆಕ್ಕದ ಸದಸ್ಯತ್ವ ಒಳ್ಳೆಯದು, ಅದರಲ್ಲಿ ಆಡಿದಷ್ಟಕ್ಕೇ ಪಾಯಿಂಟ್ ಕಳೆಯುತ್ತದೆ. ಅಗ್ಗವೆಂದು ಐದು ದಿನದ ಸದಸ್ಯತ್ವಕ್ಕೆ ಮರುಳಾಗಬೇಡಿ, ಆ ಐದು ದಿನವೂ ನಿಮಗೆ ಕೆಲಸವಿರುತ್ತದೆ. ಹೊಸಬರಿಗೆ ಎಲ್ಲಕ್ಕಿಂತ ತಕ್ಕದ್ದು, ಪಾಠವನ್ನೂ ಚಿಕ್ಕ ಮೈದಾನವನ್ನೂ ದೊಡ್ಡ ಮೈದಾನದಲ್ಲಿ ಮಿತವಾದ ಅವಕಾಶವನ್ನೂ ಸೇರಿಸಿ ಕೊಡುವ ಅಕಾಡೆಮಿ ಸದಸ್ಯತ್ವ.

ಶುಲ್ಕದ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬಾರ್ ಲೆವಿ ಎಂಬುದೊಂದು ಅನೇಕ ಕಡೆ ಇರುತ್ತದೆ. ಅದನ್ನು ಮುಂಗಡವಾಗಿ ತೆಗೆದುಕೊಂಡು ನಿಮ್ಮ ಕಾರ್ಡಿಗೆ ತುಂಬಿರುತ್ತಾರೆ, ಕ್ಲಬ್ಬಿನಲ್ಲಿಯೇ ಖರ್ಚು ಮಾಡಬೇಕು. ಕುಡಿಯದ ಸಸ್ಯಾಹಾರಿಯೊಬ್ಬ ಅದನ್ನು ಮುಗಿಸುವುದು ಸಾಹಸವೇ. ಚೀಸ್ ಟೋಸ್ಟಿ, ಚಿಪ್ಸ್, ಮತ್ತೆ ಚೀಸ್ ಟೋಸ್ಟಿ. ಆದರೂ ಆಟ ಮುಗಿದ ಕೂಡಲೇ ಕಾರು ಹತ್ತಿ ಮನೆಗೆ ಓಡಬೇಡಿ. ಲೈಮ್ ಸೋಡಾ ಹಿಡಿದೇ ಕುಳಿತುಕೊಳ್ಳಿ, ನಿಮ್ಮ ಸರದಿ ಬಂದಾಗ ಇತರರ ಬಿಯರಿನ ಹಣವನ್ನು ನೀವೇ ಕೊಡಿ. ಪರಿಚಯವಾಗುವುದು ಮೈದಾನಕ್ಕಿಂತ ಹೆಚ್ಚಾಗಿ ಆ ಅರ್ಧ ಗಂಟೆಯಲ್ಲಿ.

ಅರ್ಜಿ, ಪ್ರಪೋಸರ್, ಸೆಕೆಂಡರ್ (ನಿಮ್ಮ ಹೆಸರನ್ನು ಸೂಚಿಸುವ, ಅನುಮೋದಿಸುವ ಸದಸ್ಯರು) ಇತ್ಯಾದಿಗಳಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಗೊತ್ತಿರುವವರು ಯಾರೂ ಇಲ್ಲವೆಂದು ಸೆಕ್ರೆಟರಿಗೆ ಬರೆದರೆ ಅವರೇ ದಾರಿ ತೋರಿಸುತ್ತಾರೆ. ಹ್ಯಾಂಡಿಕ್ಯಾಪ್ ಇದ್ದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಎನ್ನುವ ಕ್ಲಬ್ಬು ಹೊಸಬರಿಗಲ್ಲ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಮಿತಿ 54. ಒಟ್ಟು 54 ಹೋಲುಗಳ ಸ್ಕೋರ್ ಕಾರ್ಡನ್ನು ಜೊತೆಯವರ ಸಹಿಯೊಡನೆ ಕೊಟ್ಟರೆ ನಿಮ್ಮ ಅಂಕೆ ಬರುತ್ತದೆ. ಕ್ಲಬ್ ಸೇರದವರೂ ಹ್ಯಾಂಡಿಕ್ಯಾಪ್ ಪಡೆಯಲೆಂದು ಇಂಗ್ಲೆಂಡ್ ಗಾಲ್ಫ್ ಸಂಸ್ಥೆಯು 2021ರಿಂದ ಐಗಾಲ್ಫ್ ಎಂಬ ವ್ಯವಸ್ಥೆಯನ್ನೂ ಇಟ್ಟಿದೆ.

ಹೆಂಡತಿಯೂ ಆಡುವವರಾದರೆ ಇನ್ನೊಂದು ವಿಚಾರಣೆ ಅಗತ್ಯ. ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡಿನಂಥ ಪ್ರತಿಷ್ಠಿತ ಕ್ಲಬ್ಬು ಮಹಿಳೆಯರನ್ನು ಸದಸ್ಯರನ್ನಾಗಿಸಿಕೊಳ್ಳಲು ಮತ ಹಾಕಿದ್ದು 2017ರಲ್ಲಿ, ಅದೂ ಹಿಂದಿನ ವರ್ಷ ಬೇಡವೆಂದ ಮೇಲೆ. ಗಂಡಸರೂ ಹೆಂಗಸರೂ ಇರುವ ಕ್ಲಬ್ಬುಗಳಲ್ಲಿ ಭೇದ ಮಾಡುವುದನ್ನು 2010ರ ಸಮಾನತಾ ಕಾಯ್ದೆ ತಡೆದಿದೆಯಾದರೂ ಮಹಿಳೆಯರ ಆಟವೆಲ್ಲ ಮಂಗಳವಾರ ಬೆಳಿಗ್ಗೆಯೇ ಇಟ್ಟಿದ್ದರೆ ಉದ್ಯೋಗದಲ್ಲಿರುವವರಿಗೆ ಅದು ಬಾಗಿಲು ಮುಚ್ಚಿದ ಹಾಗೆಯೇ. ವಾರಾಂತ್ಯದಲ್ಲಿ ಆಡುವ ಮಹಿಳೆಯರು ಎಷ್ಟು ಮಂದಿ ಎಂದು ಕೇಳಿ.

ಕೊನೆಗೆ ಮಕ್ಕಳು. ಜೂನಿಯರ್ ಸದಸ್ಯತ್ವ ಬಹಳ ಅಗ್ಗ, ಮತ್ತು ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ಮೇಲೆ ಹೆಣ್ಣುಮಕ್ಕಳನ್ನು ಕರೆತರುವ ನಮ್ಮವರನ್ನೂ ಕಾಣುತ್ತೇನೆ. ನಮಗೆ ವರ್ಷಗಟ್ಟಲೆ ಸಿಕ್ಕದ ಸಲಿಗೆ ಮಕ್ಕಳಿಗೆ ವಾರಗಳಲ್ಲಿ ಸಿಗುತ್ತದೆ. ಎಪ್ಪತ್ತೈದರ ಮುದುಕರನ್ನು ನನ್ನ ಮಗ ಹೆಸರು ಹಿಡಿದು ಕೂಗಿದಾಗ ಮೊದಮೊದಲು ನನ್ನ ಮೈ ಝುಮ್ಮೆನ್ನುತ್ತಿತ್ತು. ಹಾಗೆ ಕರೆಯೆಂದು ಹೇಳಿಕೊಟ್ಟವರು ಅವರೇ. ಅವರು ಅವನಿಗೆ ಬಂಕರಿನ ಮರಳನ್ನು ಕುಂಟೆ ಎಳೆದು ಸರಿಮಾಡಿ ಬರುವುದನ್ನೂ, ಗ್ರೀನಿನ ಮೇಲೆ ಚೆಂಡು ಬಿದ್ದು ಆದ ತಗ್ಗನ್ನು ಫೋರ್ಕಿನಿಂದ ಸುತ್ತಲಿಂದ ಒಳಕ್ಕೆ ಒತ್ತಿ ಸಮಮಾಡುವುದನ್ನೂ ಕಲಿಸಿದರು. ಊರಿನಲ್ಲಿದ್ದಿದ್ದರೆ ಅವನ ಅಜ್ಜ ತೋಟದಲ್ಲಿ ಬೇರೇನನ್ನೋ ಹೀಗೆಯೇ ಕಲಿಸುತ್ತಿದ್ದರು, ಆ ಅವಕಾಶ ಇಬ್ಬರಿಗೂ ತಪ್ಪಿತು. ಆದರೆ ಕ್ಲಬ್ಬಿನ ಜೂನಿಯರ್ ತರಬೇತಿ ಇದ್ದದ್ದು ಶನಿವಾರ ಬೆಳಿಗ್ಗೆ, ನಮ್ಮ ಕನ್ನಡ ತರಗತಿ ಇದ್ದದ್ದೂ ಶನಿವಾರ ಬೆಳಿಗ್ಗೆಯೇ. ಒಂದು ಟರ್ಮ್ ಮಟ್ಟಿಗೆ ಎಂದು ಬಿಡಿಸಿದ ಕನ್ನಡ ತರಗತಿಗೆ ಅವನು ಮತ್ತೆ ಹೋಗಲಿಲ್ಲ. ಈಗ ಅವನು ಕನ್ನಡವನ್ನು ಅರ್ಥ ಮಾಡಿಕೊಳ್ಳುತ್ತಾನೆ, ಓದಲಾರ. ಈ ಒಂದು ವಿಷಯದಲ್ಲಿ ಕ್ಲಬ್ಬಿನ ಮೇಲೆ ಹೊರಿಸಲು ನನ್ನ ಬಳಿ ಯಾವ ದೂರೂ ಇಲ್ಲ. ಭಾನುವಾರ ಮಧ್ಯಾಹ್ನವೋ ವಾರದ ನಡುವಿನ ಸಂಜೆಯೋ ಮಕ್ಕಳಿಗೆ ತರಬೇತಿ ನಡೆಸುವ ಕ್ಲಬ್ಬುಗಳೂ ಇವೆ, ಅರ್ಜಿ ತುಂಬುವ ಮೊದಲೇ ಆ ವೇಳಾಪಟ್ಟಿಯನ್ನು ಕೇಳಿ ಪಡೆಯಿರಿ. ನವೀಕರಣದ ತಾರೀಕಿಗೆ ಎಷ್ಟು ದಿನ ಮುಂಚೆ ಬರೆದುಕೊಟ್ಟರೆ ಸದಸ್ಯತ್ವ ಬಿಡಬಹುದು ಎಂಬುದನ್ನೂ ಅದೇ ಇಮೇಲಿನಲ್ಲಿ ಕೇಳಿಬಿಡಿ.